ಹೊಗೆಯ ಹಾದಿ, ರೋಗಿಯ ಹಾದಿ

ಕೇರಳ-ಕರ್ನಾಟಕ ಗಡಿಯ ತಲಪಾಡಿ ಗೇಟು ದಾಟಿ ಮಂಗಳೂರಿನ ಆಸ್ಪತ್ರೆಯಲ್ಲಿ ಒಂದಾದರೂ ರಾತ್ರಿ ಕಳೆಯದ ಮನೆ ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಸಿಗಲಿಕ್ಕಿಲ್ಲ. ರೋಗಿಯ ಜೊತೆ ನಿಲ್ಲುವವರಿಗೆ ಕೇರಳದ ಆಸ್ಪತ್ರೆಗಳಲ್ಲಿ ‘ಬೈಸ್ಟ್ಯಾಂಡರ್’ ಎಂದು ಹೆಸರು. ನಮ್ಮ ಅಜ್ಜಿಯಂದಿರ ಬಾಯಲ್ಲೂ ಅದು ಕನ್ನಡ ಪದವೇ ಆಗಿಬಿಟ್ಟಿದೆ. ಹಾಗೆ ಬೈಸ್ಟ್ಯಾಂಡರ್ ಆಗಿದ್ದ ಒಂದು ರಾತ್ರಿ, ನಿದ್ದೆ ಬಾರದೆ ಕಾರಿಡಾರಿನ ತುದಿಯವರೆಗೆ ನಡೆದೆ. ಅಲ್ಲಿ ಹಸಿರು ದೀಪದ ಕೆಳಗೆ ತುರ್ತು ನಿರ್ಗಮನದ ಬಾಗಿಲು. ಅದಕ್ಕೆ ಒರಗಿಸಿ ಹಳೆಯ ಫೋಮ್ ಹಾಸಿಗೆಗಳ ಅಟ್ಟಿ. ಹಿಡಿಗೆ ಸರಪಳಿ, ಸರಪಳಿಗೆ ಬೀಗ. ಕೀ ಎಲ್ಲಿ ಎಂದು ರಾತ್ರಿ ಪಾಳಿಯ ಸಿಸ್ಟರನ್ನು ಕೇಳಿದೆ. ಸೆಕ್ಯುರಿಟಿಯವರ ಹತ್ತಿರ ಅಂದರು. ಸೆಕ್ಯುರಿಟಿಯವರು ಐದು ಮಾಳಿಗೆ ಕೆಳಗಿದ್ದರು.

ಆಸ್ಪತ್ರೆಯ ಹೆಸರು ಬೇಡ. ಅದೇ ಗೋಡೆಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರುಗಳ ಸಾಲಿತ್ತು, ಒಂದೊಂದಕ್ಕೂ ತಪಾಸಣೆಯ ಚೀಟಿ ಇತ್ತು, ಚೀಟಿಯಲ್ಲಿ ತಾರೀಕೂ ಸರಿಯಾಗಿಯೇ ಇತ್ತು. ಕಾಗದದ ಲೆಕ್ಕದಲ್ಲಿ ಆ ಕಟ್ಟಡ ಬಹುಶಃ ಪಾಸು.

ಬೆಂಕಿ ಬಿದ್ದರೆ ರೋಗಿ ಹೊರಬರುವುದು ಹೇಗೆ? ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. 1956ರ ನವೆಂಬರ್ 1ರವರೆಗೆ ಕಾಸರಗೋಡು ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಆ ಕಾಲದ ಧರ್ಮಾಸ್ಪತ್ರೆ ಎಂದರೆ ಒಂದೇ ಅಂತಸ್ತು, ಮಂಗಳೂರು ಹಂಚಿನ ಮಾಡು, ಸುತ್ತ ಜಗಲಿ, ಎದುರುಬದುರು ಕಿಟಕಿ. ಅದನ್ನು ಯಾರೂ ಬೆಂಕಿಗೆ ಹೆದರಿ ಹಾಗೆ ಕಟ್ಟಿದ್ದಲ್ಲ, ಸೆಕೆಗೆ ಮತ್ತು ಮಳೆಗೆ ಕಟ್ಟಿದ್ದು. ಆದರೆ ಹೊಗೆ ಎದ್ದರೆ ಹಂಚಿನ ಸಂದಿಯಲ್ಲಿ ಹೊರಹೋಗುತ್ತಿತ್ತು, ರೋಗಿಯನ್ನು ಚಾಪೆ ಸಮೇತ ಎಳೆದರೆ ನಾಲ್ಕು ಹೆಜ್ಜೆಗೆ ಅಂಗಳ. ಅಡಿಗೆಕೋಣೆಯ ಅಟ್ಟದಲ್ಲಿ ಕೊಬ್ಬರಿ ಒಣಗಿಸಿದ ನಮಗೆ ಹೊಗೆಯ ಗುಣ ಯಾರೂ ಹೇಳಿಕೊಡಬೇಕಿಲ್ಲ. ಮೊದಲು ಮೇಲಕ್ಕೆ ಏರುತ್ತದೆ, ಹಾದಿ ಸಿಗದಿದ್ದರೆ ಅಲ್ಲೇ ತುಂಬಿಕೊಂಡು ಕೆಳಗೆ ಇಳಿಯುತ್ತದೆ. ಹಂಚು ಹೋಗಿ ಕಾಂಕ್ರೀಟು ಬಂತು, ಮಾಳಿಗೆಯ ಮೇಲೆ ಮಾಳಿಗೆ ಎದ್ದಿತು, ಕಿಟಕಿಗೆ ಗಾಜು ಕೂರಿಸಿ ಎಸಿ ಹಾಕಿದರು. ಹೊಗೆಗೂ ರೋಗಿಗೂ ಇದ್ದ ಹಾದಿ ಎರಡೂ ಹೀಗೆ ಮುಚ್ಚಿದವು.

ಈ ಪಾಠ ಬೇರೆ ಕಡೆ ಬಹಳ ಮೊದಲೇ ಆಗಿತ್ತು. 1929ರ ಮೇ 15ರಂದು ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ನೆಲಮಾಳಿಗೆಯಲ್ಲಿ ಪೇರಿಸಿಟ್ಟಿದ್ದ ಎಕ್ಸ್‌ರೇ ಫಿಲ್ಮುಗಳಿಗೆ ಬೆಂಕಿ ಹಿಡಿಯಿತು. ಆಗಿನ ಫಿಲ್ಮು ಬೇಗ ಹೊತ್ತಿ ವಿಷಗಾಳಿ ಬಿಡುವ ನೈಟ್ರೋಸೆಲ್ಯುಲೋಸಿನದು. ಸತ್ತವರು 123 ಮಂದಿ, ಹೆಚ್ಚಿನವರು ಬೆಂದು ಅಲ್ಲ, ವಿಷಗಾಳಿ ಕುಡಿದು. 1949ರ ಏಪ್ರಿಲಿನಲ್ಲಿ ಇಲಿನಾಯ್ ರಾಜ್ಯದ ಎಫಿಂಗ್‌ಹ್ಯಾಮ್ ಎಂಬ ಸಣ್ಣ ಊರಿನ ಆಸ್ಪತ್ರೆ ರಾತ್ರಿ ಹೊತ್ತು ಉರಿಯಿತು. ಕೊಳಕು ಬಟ್ಟೆ ಕೆಳಗೆ ಬೀಳಿಸುವ ಕೊಳವೆ ಮತ್ತು ಬಾಗಿಲೇ ಇಲ್ಲದ ಮೆಟ್ಟಿಲುಗಳು ಚಿಮಣಿಯಂತೆ ಕೆಲಸಮಾಡಿ, ನವಜಾತ ಶಿಶುಗಳೂ ಸೇರಿ 70ಕ್ಕೂ ಹೆಚ್ಚು ಜೀವ ಹೋಯಿತು. 1961ರಲ್ಲಿ ಹಾರ್ಟ್‌ಫರ್ಡ್ ಆಸ್ಪತ್ರೆ. ಅಲ್ಲಿ ಕಸದ ಕೊಳವೆಯಿಂದ ಹೊರಟ ಬೆಂಕಿ ಮೇಲಿನ ಮಾಳಿಗೆಯೊಂದಕ್ಕೆ ನುಗ್ಗಿ 16 ಮಂದಿ ಸತ್ತರು. ಅದೇ ಮಾಳಿಗೆಯಲ್ಲಿ ಕೋಣೆಯ ಬಾಗಿಲು ಮುಚ್ಚಿಕೊಂಡಿದ್ದವರು ಬದುಕಿದರು.

ಅಮೆರಿಕದ ‘ಲೈಫ್ ಸೇಫ್ಟಿ ಕೋಡ್’ ಎಂಬ ನಿಯಮಾವಳಿ ಬೆಳೆದದ್ದು ಇಂಥ ಸಾವುಗಳ ಮೇಲೆ. ಸಿನಿಮಾ ಥಿಯೇಟರಿನಲ್ಲಿ ಬೆಂಕಿ ಎಂದರೆ ಎಲ್ಲರೂ ಹೊರಗೆ ಓಡಬೇಕು. ಆಸ್ಪತ್ರೆಯಲ್ಲಿ ಓಡಲಾಗದವರೇ ಇರುವುದು. ವೆಂಟಿಲೇಟರಿನಲ್ಲಿರುವವರನ್ನು ಮೆಟ್ಟಿಲಿಳಿಸುವುದು ಬೆಂಕಿಯಷ್ಟೇ ಅಪಾಯ. ಹಾಗಾಗಿ ಕೆಳಗಿಳಿಸಬೇಡಿ, ಪಕ್ಕಕ್ಕೆ ಸರಿಸಿ. ಪ್ರತಿ ಮಾಳಿಗೆಯನ್ನೂ ಹೊಗೆ ತಡೆಯುವ ಗೋಡೆ, ಬಾಗಿಲುಗಳಿಂದ ಎರಡು ಮೂರು ಪಾಲು ಮಾಡಿರಬೇಕು. ಒಂದು ಪಾಲಿಗೆ ಬೆಂಕಿ ಬಿದ್ದರೆ ಮಂಚವನ್ನು ಪಕ್ಕದ ಪಾಲಿಗೆ ತಳ್ಳಿ ನಡುವಿನ ಬಾಗಿಲು ಹಾಕಿಕೊಳ್ಳುವುದು. ಕಾರಿಡಾರು ಎಂಟಡಿ, ಅಂದರೆ 2.4 ಮೀಟರ್ ಅಗಲ ಇರಬೇಕೆನ್ನುವ ಲೆಕ್ಕ ಬಂದದ್ದೂ ಮಂಚ ತಿರುಗಬೇಕೆಂದೇ, ಸಂದರ್ಶಕರಿಗೆ ಕುರ್ಚಿ ಸಾಲು ಹಾಕಲೆಂದಲ್ಲ.

ನಮ್ಮಲ್ಲಿ ಈ ತಿಳಿವಳಿಕೆ ಕಾಗದಕ್ಕೆ ಬಂದದ್ದು 1970ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ. 1983, 2005, 2016ರಲ್ಲಿ ಅದನ್ನು ತಿದ್ದಿದರು. ಅದರ ನಾಲ್ಕನೇ ಭಾಗ ಬೆಂಕಿ ಮತ್ತು ಜೀವರಕ್ಷಣೆಗೇ ಮೀಸಲು. ಓದಿದರೆ ಕೊರತೆ ಹುಡುಕುವುದು ಕಷ್ಟ. ಕೊರತೆ ಇರುವುದು ಇನ್ನೊಂದು ಕಡೆ. ಸಂಹಿತೆ ಬರೀ ಶಿಫಾರಸು. ಅಗ್ನಿಶಾಮಕ ಸೇವೆ ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರಾಡಳಿತದ ಕೆಲಸಗಳ ಪಟ್ಟಿಯಲ್ಲಿದೆ. ರಾಜ್ಯ ತನ್ನ ಕಟ್ಟಡ ನಿಯಮದಲ್ಲಿ ಸೇರಿಸಿಕೊಂಡಷ್ಟಕ್ಕೆ ಮಾತ್ರ ಸಂಹಿತೆಗೆ ಹಲ್ಲು. ಕೇರಳದ ಫಯರ್ ಫೋರ್ಸ್ ಕಾಯ್ದೆ 1962ರದು, ಕರ್ನಾಟಕದ್ದು 1964ರದು. ಎರಡೂ ಮುಖ್ಯವಾಗಿ ದಳ ಕಟ್ಟಿ ನಡೆಸುವ ಕಾಲದವು, ಗಾಜಿನ ಆಸ್ಪತ್ರೆಗಳನ್ನು ಕಂಡವಲ್ಲ.

ಗಾಜಿನ ಆಸ್ಪತ್ರೆ ಏನು ಮಾಡಬಲ್ಲುದೆಂದು ದೇಶಕ್ಕೆ ಗೊತ್ತಾದದ್ದು 2011ರ ಡಿಸೆಂಬರ್ 9ರ ನಸುಕಿನಲ್ಲಿ, ಕೋಲ್ಕತ್ತದ ಢಾಕುರಿಯಾದ ಎಎಂಆರ್‌ಐ ಆಸ್ಪತ್ರೆಯಲ್ಲಿ. ಕಾರು ನಿಲ್ಲಿಸಬೇಕಿದ್ದ ನೆಲಮಾಳಿಗೆ ಗೋದಾಮಾಗಿತ್ತು. ಅಲ್ಲಿ ಹೊತ್ತಿದ ಬೆಂಕಿ ಮೇಲೆ ಬರಲೇ ಇಲ್ಲ ಎನ್ನಬಹುದು. ಬಂದದ್ದು ಹೊಗೆ, ಎಸಿಯ ಕೊಳವೆಗಳೊಳಗೆ. ತೆರೆಯಲಾಗದ ಗಾಜಿನ ಗೋಡೆಯ ಹಿಂದೆ ಸುಮಾರು 90 ಮಂದಿ ಉಸಿರುಗಟ್ಟಿ ಸತ್ತರು, ಹೆಚ್ಚಿನವರು ರೋಗಿಗಳು. ಹೊಗೆ ಕಂಡು ಓಡಿಬಂದ ಪಕ್ಕದ ಕೊಳೆಗೇರಿಯ ಹುಡುಗರನ್ನು ಕಾವಲುಗಾರರು ಗೇಟಿನಿಂದ ಹಿಂದಕ್ಕೆ ಕಳಿಸಿದ್ದರು. ಕೇರಳದ ಕೊಟ್ಟಾಯಂ ಕಡೆಯ ಇಬ್ಬರು ಎಳೆಯ ನರ್ಸುಗಳು ತಮ್ಮ ವಾರ್ಡಿನ ಎಂಟು ಮಂದಿಯನ್ನು ಒಬ್ಬೊಬ್ಬರಾಗಿ ಹೊರಗೆ ಸಾಗಿಸಿ, ಮತ್ತೆ ಒಳಗೆ ಹೋಗಿ ಬರಲಿಲ್ಲ. ಅವರಿಗಿದ್ದದ್ದು ನಿಯಮವೂ ಅಲ್ಲ, ಉಪಕರಣವೂ ಅಲ್ಲ, ಎರಡು ಜೊತೆ ಕೈ. ಕಾಸರಗೋಡಿನ ಹುಡುಗಿಯರೂ ದೇಶದ ಉದ್ದಕ್ಕೂ ರಾತ್ರಿ ಪಾಳಿಯಲ್ಲಿದ್ದಾರೆ ಎಂಬುದನ್ನು ಇಲ್ಲಿ ನೆನೆಯದೆ ಇರಲಾರೆ.

ಕೋಲ್ಕತ್ತದ ನಂತರ ಎಲ್ಲ ಕಡೆ ‘ಫೈರ್ ಎನ್‌ಒಸಿ’, ಅಂದರೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ, ಎಂಬ ಮಾತು ಚಾಲ್ತಿಗೆ ಬಂತು. ಎನ್‌ಒಸಿ ನೋಡುವುದು ವಸ್ತುಗಳನ್ನು: ಟ್ಯಾಂಕಿನಲ್ಲಿ ನೀರೆಷ್ಟು, ಹೈಡ್ರಂಟ್ ಎಲ್ಲಿ, ಸಿಲಿಂಡರ್ ಎಷ್ಟು. ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ಎಷ್ಟು ಕೈಗಳಿವೆ ಎಂಬ ಕಾಲಂ ಆ ಅರ್ಜಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಬೆಂಕಿ ಬೀಳುವುದು ಆ ಹೊತ್ತಿಗೇ. 2021ರ ಜನವರಿ 9ರಂದು ಮಹಾರಾಷ್ಟ್ರದ ಭಂಡಾರಾ ಜಿಲ್ಲಾಸ್ಪತ್ರೆಯಲ್ಲಿ ನಡುರಾತ್ರಿ ಕಳೆದ ಮೇಲೆ, 17 ಎಳೆಗೂಸುಗಳಿದ್ದ ಘಟಕದಲ್ಲಿ 10 ಕೂಸುಗಳು ಹೋದವು. ಅದೇ ವರ್ಷದ ಏಪ್ರಿಲ್ 23ರಂದು ಮುಂಬಯಿ ಬಳಿಯ ವಿರಾರದ ಆಸ್ಪತ್ರೆಯೊಂದರ ಐಸಿಯುನಲ್ಲಿ ಬೆಳಗಿನ ಜಾವ. ಮೇ 1ರಂದು ಗುಜರಾತಿನ ಭರೂಚಿನಲ್ಲಿ ನಡುರಾತ್ರಿ, ಸತ್ತ 18 ಮಂದಿಯಲ್ಲಿ ಇಬ್ಬರು ನರ್ಸುಗಳು.

ಕೋವಿಡ್ ಕಾಲದಲ್ಲಿ ಇವೆಲ್ಲ ಒಟ್ಟೊಟ್ಟಿಗೆ ಆದದ್ದು ಗ್ರಹಚಾರದಿಂದಲ್ಲ. ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21 ಪಾಲು. ಅದು 24ರ ಹತ್ತಿರ ಬಂದರೆ ಸಾಕು, ಹೊದಿಕೆ, ಹಾಸಿಗೆ, ತಲೆಕೂದಲು ಎಲ್ಲವೂ ಬೇಗ ಹೊತ್ತಿ ಜೋರಾಗಿ ಉರಿಯುತ್ತವೆ. ಮೂಗಿನ ಕೊಳವೆಯಲ್ಲಿ ನಿಮಿಷಕ್ಕೆ 60 ಲೀಟರಿನವರೆಗೆ ಹರಿಸುವ ಯಂತ್ರಗಳು ಒಂದೇ ಕೋಣೆಯಲ್ಲಿ ಹತ್ತಿಪ್ಪತ್ತು, ಸೋಂಕಿಗೆ ಹೆದರಿ ಮುಚ್ಚಿದ ಕಿಟಕಿ, ತಿಂಗಳುಗಟ್ಟಲೆ ಆಫ್ ಆಗದ ಎಸಿ, ಹಳೆಯ ವೈರಿಂಗಿನ ಮೇಲೆ ಹೊಸ ಯಂತ್ರಗಳ ಹೊರೆ, ಮೇಜಿನ ಮೇಲೆಲ್ಲ ಮದ್ಯಸಾರದ ಸ್ಯಾನಿಟೈಸರ್. ಒಂದು ಕಿಡಿಗೆ ಬೇಕಾದ ಸಾಮಾನೆಲ್ಲ ನಾವೇ ಜೋಡಿಸಿಟ್ಟಿದ್ದೆವು. ಆಂಧ್ರದ ವಿಜಯವಾಡದಲ್ಲಿ 2020ರ ಆಗಸ್ಟ್ 9ರಂದು 10 ಮಂದಿ ಸತ್ತದ್ದು ಆಸ್ಪತ್ರೆಯಲ್ಲೂ ಅಲ್ಲ, ಕೋವಿಡ್ ಕೇಂದ್ರವಾಗಿ ಮಾಡಿಕೊಂಡ ಹೋಟೆಲಿನಲ್ಲಿ. ಅಹಮದಾಬಾದ್, ರಾಜ್‌ಕೋಟ್‌ನ ಕೋವಿಡ್ ಆಸ್ಪತ್ರೆಗಳ ಬೆಂಕಿ ದುರಂತಗಳ ನಂತರ ಸುಪ್ರೀಂ ಕೋರ್ಟ್ ಆ ವರ್ಷದ ಡಿಸೆಂಬರ್ 18ರಂದು, ಪ್ರತಿ ಕೋವಿಡ್ ಆಸ್ಪತ್ರೆಗೂ ಬೆಂಕಿ ಸುರಕ್ಷತೆಯ ನೋಡಲ್ ಅಧಿಕಾರಿ ಇರಬೇಕು, ಜಿಲ್ಲಾ ಸಮಿತಿ ತಿಂಗಳಿಗೊಮ್ಮೆಯಾದರೂ ತಪಾಸಣೆ ಮಾಡಬೇಕು ಎಂದಿತು. ಭಂಡಾರಾ ಆದದ್ದು ಅದಾಗಿ ಮೂರೇ ವಾರಕ್ಕೆ.

ಬೀಗದ ವಿಷಯಕ್ಕೆ ಬಂದರೆ ತಮಿಳುನಾಡಿನ ಏರ್ವಾಡಿಯನ್ನು ಬಿಡುವಂತಿಲ್ಲ. 2001ರ ಆಗಸ್ಟ್ 6ರ ಬೆಳಗಿನ ಜಾವ ಅಲ್ಲಿನ ಮಾನಸಿಕ ರೋಗಿಗಳ ಗುಡಿಸಿಲಿಗೆ ಬೆಂಕಿ ಬಿತ್ತು. ಸರಪಳಿಯಲ್ಲಿ ಬಿಗಿದಿದ್ದವರು ಎದ್ದು ಓಡಲಾಗದೆ 28 ಮಂದಿ ಸುಟ್ಟುಹೋದರು. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯನ್ನು ಸರಪಳಿಯಲ್ಲಿ ಬಿಗಿಯುವುದನ್ನೇ ನಿಷೇಧಿಸಿತು. ಬಾಗಿಲಿಗೆ ಹಾಕಿದ ಸರಪಳಿಯ ಬಗ್ಗೆ ಅಷ್ಟು ಖಡಾಖಂಡಿತವಾಗಿ ಹೇಳುವ ಕಾಯ್ದೆ ಇನ್ನೂ ಬೇಕಾಗಿದೆಯೇನೋ.

ನಮ್ಮ ಜಿಲ್ಲೆಯ ಲೆಕ್ಕ ಸ್ವಲ್ಪ ಬೇರೆ. ಉಪ್ಪಳ, ಕಾಸರಗೋಡು, ಕುತ್ತಿಕ್ಕೋಲು, ಕಾಞಂಗಾಡು, ತೃಕ್ಕರಿಪುರ, ಇಷ್ಟು ಕಡೆ ಫಯರ್ ಸ್ಟೇಶನ್. ಸರಕಾರಿ ಮೆಡಿಕಲ್ ಕಾಲೇಜು ಇರುವುದು ಬದಿಯಡ್ಕ ಪಂಚಾಯತಿನ ಉಕ್ಕಿನಡ್ಕದಲ್ಲಿ, ಕಾಸರಗೋಡು ಪೇಟೆಯಿಂದ ಇಪ್ಪತ್ತು ಕಿಲೋಮೀಟರಿಗೂ ಆಚೆ. ಬಂಡಿ ಬರುವವರೆಗಿನ ಹೊತ್ತು ಪೂರಾ ಆಸ್ಪತ್ರೆಯವರದೇ ಹೊಣೆ. ಮೇಲಿನ ಮಾಳಿಗೆಯಿಂದ ಇಳಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಬೆಂಕಿಯೇ ಬೇಕಾಗಲಿಲ್ಲ. 2023ರಲ್ಲಿ ಜಿಲ್ಲೆಯ ಸರಕಾರಿ ಆಸ್ಪತ್ರೆಯೊಂದರಲ್ಲಿ ಲಿಫ್ಟ್ ಕೆಟ್ಟು ನಿಂತಾಗ ಮೃತದೇಹವೊಂದನ್ನು ಹೊರೆ ಕಾರ್ಮಿಕರು ಮೆಟ್ಟಿಲಲ್ಲಿ ಹೊತ್ತು ತಂದರು. 2024ರ ಅಕ್ಟೋಬರಿನಲ್ಲಿ ನೀಲೇಶ್ವರದ ತೆಯ್ಯಂ ಉತ್ಸವದಲ್ಲಿ ಪಟಾಕಿ ಸಿಡಿದು 150ಕ್ಕೂ ಹೆಚ್ಚು ಜನ ಸುಟ್ಟುಕೊಂಡಾಗ, ಗಾಯಾಳುಗಳನ್ನು ಮಂಗಳೂರು, ಕಣ್ಣೂರು, ಕೋಝಿಕ್ಕೋಡಿಗೆ ಹಂಚಬೇಕಾಯಿತು. ಆ ಕೋಝಿಕ್ಕೋಡಿನ ಮೆಡಿಕಲ್ ಕಾಲೇಜಿನ ತುರ್ತು ವಿಭಾಗದ ಕಟ್ಟಡದಲ್ಲೇ 2025ರ ಮೇ 2ರ ರಾತ್ರಿ ಯುಪಿಎಸ್ ಕೋಣೆಯಿಂದ ಹೊಗೆ ಎದ್ದು, ರೋಗಿಗಳನ್ನು ಅವಸರದಲ್ಲಿ ಬೇರೆ ಆಸ್ಪತ್ರೆಗಳಿಗೆ ಸಾಗಿಸಿದರು.

ಹೀಗೆ ಕಾಸರಗೋಡಿನ ಕನ್ನಡಿಗ ಎರಡು ಕಾನೂನುಗಳ ರೋಗಿ. ಊರಿನ ಆಸ್ಪತ್ರೆ ಖಾಸಗಿಯಾದರೆ ಕೇರಳದ 2018ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯ್ದೆ, ಮಂಗಳೂರಿಗೆ ಹೋದರೆ ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ. ಒಂದು ಕಡೆ ಮಲಯಾಳದಲ್ಲಿ ದೂರು ಕೊಡಬೇಕು, ಇನ್ನೊಂದು ಕಡೆ ನೀವು ನಮ್ಮ ರಾಜ್ಯದವರಲ್ಲವಲ್ಲ ಎನ್ನುತ್ತಾರೆ. ಭಾಷಾ ಅಲ್ಪಸಂಖ್ಯಾತರು ಕನ್ನಡದಲ್ಲೇ ಕೇರಳ ಸರಕಾರಕ್ಕೆ ಬರೆಯಬಹುದೆಂದು ಕಾನೂನೇ ಇದೆ. ಅರ್ಜಿಗೆ ಅದು ಸಾಕು, ಹೊಗೆ ತುಂಬಿದ ಕಾರಿಡಾರಿಗೆ ಸಾಲದು. ಗೋಡೆಯ ಸೂಚನೆ ಮಲಯಾಳ ಮತ್ತು ಇಂಗ್ಲಿಷಿನಲ್ಲಿ, ಮೈಕಿನ ಘೋಷಣೆ ಮಲಯಾಳದಲ್ಲಿ, ಮಂಚದಲ್ಲಿ ಮಲಗಿದವರು ತುಳು, ಬ್ಯಾರಿ, ಕೊಂಕಣಿ, ಮರಾಠಿ, ಕನ್ನಡದವರು. ಸಪ್ತಭಾಷಾ ಸಂಗಮ ಎಂದು ಭಾಷಣದಲ್ಲಿ ಹೆಮ್ಮೆ ಪಡುವ ಊರಿದು. ಬಾಗಿಲ ಕಡೆ ಓಡುವ ಹಸಿರು ಮನುಷ್ಯನ ಚಿತ್ರ ಜಪಾನಿನಲ್ಲಿ ಹುಟ್ಟಿದ್ದು, ಓದಲು ಬಾರದವರಿಗೂ ತಿಳಿಯಲೆಂದೇ. ನಾನು ಕಂಡ ಕಡೆಗಳಲ್ಲಿ ಅವನಿಗಿಂತ ‘ಎಕ್ಸಿಟ್’ ಎಂಬ ಅಕ್ಷರಗಳೇ ಹೆಚ್ಚು.

ಕನ್ನಡ ಮಾತ್ರ ಓದಬಲ್ಲ ನನ್ನ ಚಿಕ್ಕಮ್ಮ ಕಳೆದ ಮಳೆಗಾಲದಲ್ಲಿ ಮೊಣಕಾಲಿನ ಆಪರೇಷನ್ ಆಗಿ ನಾಲ್ಕನೇ ಮಾಳಿಗೆಯಲ್ಲಿ ಮಲಗಿದ್ದರು. 2024ರ ಡಿಸೆಂಬರ್ 12ರ ರಾತ್ರಿ ದಿಂಡಿಗಲ್ಲಿನ ಮೂಳೆ ಆಸ್ಪತ್ರೆಯಲ್ಲಿ ಸತ್ತ ಆರು ಮಂದಿ ಸಿಕ್ಕಿದ್ದು ಲಿಫ್ಟಿನಲ್ಲಿ ಎಂಬ ವರದಿ ನನ್ನ ತಲೆಯಲ್ಲಿ ಉಳಿದುಬಿಟ್ಟಿತ್ತು. ಸುಮ್ಮನೆ ಕೇಳಿದೆ, ಬೆಂಕಿ ಗಿಂಕಿ ಬಿದ್ದರೆ ಯಾವ ಕಡೆಯಿಂದ ಹೋಗ್ತೀರಿ ಅಂತ. ಅವರು ಪತ್ರಿಕೆಯಿಂದ ತಲೆ ಎತ್ತಲಿಲ್ಲ.

“ಬಂದ ಲಿಫ್ಟಿನಲ್ಲೇ.”