ಹಳೇ ಶೈಲಿಯ ಹೊಸ ಕಂಪ್ಯೂಟರ್‌ಗಳು: ಕೊಳ್ಳುವ ಮುಂಚೆ ಓದಿಕೊಳ್ಳಲು ಟಿಪ್ಪಣಿ

ಸ್ವಿಚ್ ಹಾಕಿ ಒಂದೆರಡು ಕ್ಷಣದಲ್ಲಿ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಪರದೆ ಮೇಲೆ ಬಂದು ನಿಲ್ಲುತ್ತದೆ. ಲಾಗಿನ್ ಇಲ್ಲ, ಅಪ್‌ಡೇಟ್ ಇಲ್ಲ. 1980ರ ದಶಕದ ಮನೆ ಕಂಪ್ಯೂಟರ್‌ಗಳು ಹೀಗೇ ಇದ್ದವು. ಈಗ ಅದೇ ಧಾಟಿಯ ಯಂತ್ರಗಳು ಹೊಸದಾಗಿ ಬರುತ್ತಿವೆ. ನಾವು ನಾಲ್ಕೈದು ಜನ ಭಾನುವಾರ ಜಯನಗರದಲ್ಲಿ ಸೇರಿ ಇವುಗಳನ್ನು ಕಲಿಯುತ್ತಿದ್ದೇವೆ. ಹೊಸದಾಗಿ ಬಂದವರೆಲ್ಲ ಕೇಳುವುದು ಒಂದೇ: "ಯಾವುದು ತಗೊಳ್ಳಲಿ?" ಅವರಿಗಾಗಿ ಇದನ್ನು ಬರೆದೆ.

ಮೊದಲು ಮೆಗಾಹರ್ಟ್ಸ್ (ಚಿಪ್ಪಿನ ವೇಗದ ಅಳತೆ) ನೋಡುವುದನ್ನು ಬಿಡಿ. "ಡಬ್ಬದೊಳಗೆ ನಿಜವಾಗಿ ಕೆಲಸ ಮಾಡುತ್ತಿರುವುದು ಏನು?" ಅಂತ ಕೇಳಿ. ಉತ್ತರ ಮೂರು ಥರ ಬರುತ್ತದೆ. ಅಸಲಿ 8-ಬಿಟ್ ಚಿಪ್ ಇರಬಹುದು. ಬೇಕಾದ ಸರ್ಕ್ಯೂಟ್ ಆಗಿ ಬದಲಾಗುವ ಎಫ್‌ಪಿಜಿಎ ಎಂಬ ಚಿಪ್ ಇರಬಹುದು. ಇಲ್ಲವೇ ಈಗಿನ ಕಾಲದ ಚಿಪ್ ಮೇಲೆ ಎಮ್ಯುಲೇಟರ್ ಎಂಬ ಪ್ರೋಗ್ರಾಂ ಕೂತು ಹಳೇ ಯಂತ್ರದ ಥರ ನಡೆದುಕೊಳ್ಳುತ್ತಿರಬಹುದು.

ಮೂರನೆಯದು ಸುಲಭ. ಹಳೇ ಕಮೊಡೋರ್ 64 ಕಂಪ್ಯೂಟರಿನ ಥರ ನಡೆದುಕೊಳ್ಳುವ, 2019ರಲ್ಲಿ ಪೂರ್ಣ ಕೀಬೋರ್ಡ್ ಸಮೇತ ಬಂದ 'ದಿ ಸಿ64' ಈ ಜಾತಿ. ಹಳೇ ಆಟ ಆಡಲು ಚೆನ್ನಾಗಿದೆ. ಆದರೆ ಮುಚ್ಚಳ ತೆಗೆದರೆ ಕಾಣುವುದು ಫೋನಿನಲ್ಲಿರುವಂಥ ಚಿಪ್. ಯಂತ್ರದ ಒಳಗುಟ್ಟು ಕಲಿಯಬೇಕು ಅನ್ನುವವರಿಗೆ ಅಲ್ಲಿ ಹೆಚ್ಚೇನೂ ಸಿಗುವುದಿಲ್ಲ.

ಎಫ್‌ಪಿಜಿಎ ಬಗ್ಗೆ ತುಂಬಾ ಗೊಂದಲ ಇದೆ. ಅದನ್ನೂ ಎಮ್ಯುಲೇಟರ್ ಅಂದುಕೊಳ್ಳುತ್ತಾರೆ. ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಎಫ್‌ಪಿಜಿಎ ಅಂದರೆ ಸಾರಿಸಿದ ಅಂಗಳ. ಕರೆಂಟ್ ಬಂದಾಗಲೆಲ್ಲ ಅದರ ಮೇಲೆ ಹೊಸದಾಗಿ ರಂಗೋಲಿ ಬೀಳುತ್ತದೆ. ಆ ರಂಗೋಲಿಯೇ ಸರ್ಕ್ಯೂಟ್. ಅದರ ನಕ್ಷೆ ಫ್ಲಾಷ್ ಮೆಮೊರಿಯಲ್ಲೋ ಕಾರ್ಡಿನಲ್ಲೋ ಇರುತ್ತದೆ. ಕರೆಂಟ್ ಹೋದರೆ ರಂಗೋಲಿ ಅಳಿಸಿಹೋಗುತ್ತದೆ. ಬಿದ್ದಿರುವಷ್ಟು ಹೊತ್ತು ಮಾತ್ರ ಅದು ಅಸಲಿ ಸರ್ಕ್ಯೂಟ್. ಎಮ್ಯುಲೇಟರ್ ಒಂದಾದ ಮೇಲೊಂದು ಲೆಕ್ಕ ಮಾಡುತ್ತಾ ಹೋಗುತ್ತದೆ. ಇಲ್ಲಿ ಎಲ್ಲ ಗೇಟುಗಳೂ ಒಟ್ಟಿಗೇ ಕೆಲಸ ಮಾಡುತ್ತವೆ. ಬೇರೆ ರಂಗೋಲಿ ಹಾಕಿದರೆ ಬೇರೆ ಕಂಪ್ಯೂಟರ್.

ಈ ಗುಂಪಿನಲ್ಲಿ ಎರಡು ದೊಡ್ಡ ಹೆಸರುಗಳಿವೆ. 1980ರ ದಶಕದ ಸ್ಪೆಕ್ಟ್ರಂ ಕಂಪ್ಯೂಟರಿನ ಹೊಸ ರೂಪವಾದ ಸ್ಪೆಕ್ಟ್ರಂ ನೆಕ್ಸ್ಟ್ 2017ರಲ್ಲಿ ಜನರಿಂದ ಹಣ ಕೂಡಿಸಿ ಶುರುವಾಗಿ, 2020ರಲ್ಲಿ ಕೈಸೇರಿತು. ಅದರಲ್ಲಿ ಜೆಡ್80 ಎಂಬ ಹಳೇ 8-ಬಿಟ್ ಚಿಪ್ಪಿನ ಮಾದರಿಯ ಪ್ರೊಸೆಸರ್ 28 ಮೆಗಾಹರ್ಟ್ಸ್‌ವರೆಗೆ ಓಡುತ್ತದೆ. ಕಮೊಡೋರ್ ಕಂಪನಿ ಮಾರುಕಟ್ಟೆಗೆ ಬಿಡದೇ ಕೈಬಿಟ್ಟ 'ಕಮೊಡೋರ್ 65' ಅನ್ನು ಮೆಗಾ65 ಮತ್ತೆ ಎಬ್ಬಿಸಿದೆ. ಅದರ ವೇಗ 40.5 ಮೆಗಾಹರ್ಟ್ಸ್. ಮೂರೂವರೆ ಇಂಚಿನ ಅಸಲಿ ಫ್ಲಾಪಿ ಡ್ರೈವ್ ಕೂಡ ಇದೆ! ನೋಡಲು ಆಸೆಯಾಗುತ್ತದೆ. ಆದರೆ ಕಲಿಯುವವರಿಗೆ ಮೊದಲ ಯಂತ್ರವಾಗಿ ಇದನ್ನು ನಾನು ಹೇಳುವುದಿಲ್ಲ. ಬೆಲೆ ಜಾಸ್ತಿ, ಹಿಡಿತಕ್ಕೆ ಸಿಗಲು ಕಾಲವೂ ಜಾಸ್ತಿ ಬೇಕು.

ಇನ್ನು ಅಸಲಿ ಚಿಪ್ ಇರುವವು. ನನ್ನ ಮನಸ್ಸು ಇರುವುದು ಇಲ್ಲೇ.

ಕಮಾಂಡರ್ ಎಕ್ಸ್16 ಎಂಬ ಯಂತ್ರದಲ್ಲಿ 65ಸಿ02 ಚಿಪ್ 8 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. ಈ ಚಿಪ್ ಇವತ್ತಿಗೂ ಹೊಸದಾಗಿ ತಯಾರಾಗುತ್ತಿದೆ. ಅದರ ಕಣ್ಣಿಗೆ ಕಾಣುವ ಮೆಮೊರಿ ಬರೀ 64 ಕೆಬಿ. ಹಾಗಿದ್ದರೂ ಯಂತ್ರದಲ್ಲಿ 512 ಕೆಬಿ ಇದೆ, 2 ಎಂಬಿವರೆಗೆ ಹೆಚ್ಚಿಸಬಹುದು. ಹೇಗೆ? ಮೆಜೆಸ್ಟಿಕ್ ಬಸ್ ನಿಲ್ದಾಣ ನೆನಪಿಸಿಕೊಳ್ಳಿ. ಪ್ಲಾಟ್‌ಫಾರಂ ಒಂದೇ, ಬಂದು ನಿಲ್ಲುವ ಬಸ್ ಬೇರೆ ಬೇರೆ. ಇಲ್ಲಿ ಪ್ಲಾಟ್‌ಫಾರಂ 8 ಕೆಬಿ ಉದ್ದ. ಮೆಮೊರಿ ವಿಳಾಸ 0ಗೆ ನೀವು ಬರೆಯುವ ಸಂಖ್ಯೆಯೇ ಬಸ್ ನಂಬರ್. ಆ ನಂಬರಿನ 8 ಕೆಬಿ ತುಂಡು ಬಂದು ನಿಲ್ಲುತ್ತದೆ. 512 ಕೆಬಿ ಅಂದರೆ 64 ಬಸ್. ಬ್ಯಾಂಕ್ ಬದಲಿಸುವುದು ಅಂತ ಪುಸ್ತಕಗಳಲ್ಲಿ ಬರುವುದು ಇಷ್ಟೇ.

ಚಿತ್ರದ ಕೆಲಸ ವೆರಾ ಅನ್ನುವ ಬೇರೆ ಭಾಗದ್ದು. ಅದು ಮಾತ್ರ ಎಫ್‌ಪಿಜಿಎ. ಅದಕ್ಕೆ ತನ್ನದೇ 128 ಕೆಬಿ ಮೆಮೊರಿ. ಪ್ರೊಸೆಸರ್ ಅಲ್ಲಿಗೆ ನೇರವಾಗಿ ಕೈ ಹಾಕುವಂತಿಲ್ಲ, ಕೆಲವೇ ಕಿಂಡಿಗಳ ಮೂಲಕ ಕೊಟ್ಟು ತಗೊಳ್ಳಬೇಕು. ಅದಕ್ಕೇ ಎಕ್ಸ್16ರ ಬೇಸಿಕ್‌ನಲ್ಲಿ, ಮೆಮೊರಿಗೆ ಸಂಖ್ಯೆ ಬರೆಯುವ ಪೋಕ್ (POKE) ಅಲ್ಲದೆ, ವೆರಾದ ಮೆಮೊರಿಗೆ ಬರೆಯಲು ವಿಪೋಕ್ (VPOKE) ಅಂತ ಇನ್ನೊಂದು ಆಜ್ಞೆ ಇದೆ. ಮೊದಲೆರಡು ಸಂಖ್ಯೆ ವಿಳಾಸ, ಕೊನೆಯದು ಅಲ್ಲಿ ಬರೆಯುವ ಸಂಖ್ಯೆ. ಪರದೆ ಅಳಿಸಿ "ವಿಪೋಕ್ 1, 45056, 1" ಕೊಡಿ. ಮೇಲಿನ ಎಡ ಮೂಲೆಯಲ್ಲಿ ಇಂಗ್ಲಿಷಿನ 'ಎ' ಬರುತ್ತದೆ. ಮೆಮೊರಿಯ ಮುಂದಿನ ಮನೆ ಅದರ ಬಣ್ಣದ್ದು. "ವಿಪೋಕ್ 1, 45057, 18" ಕೊಟ್ಟರೆ ಅದೇ ಅಕ್ಷರ ಬಿಳಿ ಹಿನ್ನೆಲೆಯಲ್ಲಿ ಕೆಂಪಾಗುತ್ತದೆ. 18 ಯಾಕೆ? ಹಿನ್ನೆಲೆಯ ಬಿಳಿಗೆ 1, ಅದನ್ನು 16ರಿಂದ ಗುಣಿಸಿ, ಅಕ್ಷರದ ಕೆಂಪಿಗೆ 2 ಕೂಡಿಸಿ. ಇದನ್ನು ಮಾಡಿ ನೋಡಲು ದುಡ್ಡು ಬೇಕಿಲ್ಲ. ಎಕ್ಸ್16ರ ಎಮ್ಯುಲೇಟರ್ ಲ್ಯಾಪ್‌ಟಾಪ್‌ಗೆ ಉಚಿತವಾಗಿ ಸಿಗುತ್ತದೆ.

ಅಗಾನ್ ಲೈಟ್ 2022ರಲ್ಲಿ ಬಂದ ಪುಟ್ಟ ಬೋರ್ಡ್. ಇದರ ವಿನ್ಯಾಸ ಎಲ್ಲರಿಗೂ ಮುಕ್ತ. ಜೆಡ್80 ವಂಶದ ಇಜೆಡ್80 ಚಿಪ್ 18.432 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. ಮೆಮೊರಿ 512 ಕೆಬಿ. ಇದಕ್ಕೆ 24 ಬಿಟ್ ವಿಳಾಸ ಗೊತ್ತು, ಅಷ್ಟೂ ಮೆಮೊರಿ ಒಟ್ಟಿಗೇ ಕಾಣುತ್ತದೆ, ಹಾಗಾಗಿ ಬಸ್ ಬದಲಿಸುವ ಗೋಜಿಲ್ಲ. ಚಿತ್ರ ಮತ್ತು ಶಬ್ದಕ್ಕೆ ಇಎಸ್‌ಪಿ32 ಎಂಬ ಇನ್ನೊಂದು ಚಿಪ್ ಇದೆ. ಎರಡೂ ಚಿಪ್ ಮಾತಾಡಿಕೊಳ್ಳುವುದು ಒಂದು ಸೀರಿಯಲ್ ತಂತಿಯಲ್ಲಿ, ಬೈಟ್ ಆದ ಮೇಲೆ ಬೈಟ್.

ಈ ಬೋರ್ಡಿನಲ್ಲಿ ಓಡುವುದು ಬಿಬಿಸಿ ಬೇಸಿಕ್. ನಮ್ಮ ದೇಶದ ಶಾಲೆಗಳಿಗೆ ಕಂಪ್ಯೂಟರ್ ತಂದ ಕ್ಲಾಸ್ ಯೋಜನೆ 1984ರ ಹೊತ್ತಿಗೆ ಶುರುವಾದಾಗ ಬಂದದ್ದು ಬಿಬಿಸಿ ಮೈಕ್ರೋ. ಆಗ ಶಾಲೆಯಲ್ಲಿದ್ದ ಎಷ್ಟೋ ಮಕ್ಕಳು ಮೊದಲು ಕಂಡ ಭಾಷೆ ಇದೇ. ಅದರ 'ವಿಡಿಯು 23' ಆಜ್ಞೆ ಅಗಾನ್‌ನಲ್ಲೂ ಹಾಗೇ ಕೆಲಸ ಮಾಡುತ್ತದೆ. ಅದರಿಂದ ಅಕ್ಷರಗಳನ್ನು ನಾವೇ ಬರೆಯಬಹುದು. ಒಂದು ಅಕ್ಷರಕ್ಕೆ ಎಂಟು ಸಾಲು, ಸಾಲಿಗೆ ಎಂಟು ಚುಕ್ಕಿ. ನಾನು ಬರೆದ ಮೊದಲ ಅಕ್ಷರ 'ಠ'. ಚೌಕಳಿ ಹಾಳೆ ಮೇಲೆ ದುಂಡಗೆ ಬರೆದು ನಡುವೆ ಚುಕ್ಕಿ ಇಟ್ಟೆ. ಮೂರನೇ ಸಾಲಿನಲ್ಲಿ ಎರಡು ತುದಿಯ ಚುಕ್ಕಿ ಮಾತ್ರ ಇವೆ. ಎಡತುದಿಯ ಬೆಲೆ 128, ಬಲತುದಿಯದ್ದು 1, ಒಟ್ಟು 129. ನಾಲ್ಕನೇ ಸಾಲಿನಲ್ಲಿ ನಡುವಿನ 16 ಮತ್ತು 8 ಸೇರಿ 153. ಎಲ್ಲ ಸೇರಿಸಿದರೆ ಹೀಗೆ:

ವಿಡಿಯು 23, 240, 60, 66, 129, 153, 153, 129, 66, 60

ಇಲ್ಲಿ 240 ಆ ಅಕ್ಷರಕ್ಕೆ ಕೊಟ್ಟ ನಂಬರ್. ಆಮೇಲೆ "ವಿಡಿಯು 240" ಅಂದರೆ ಪರದೆ ಮೇಲೆ ಠ! ಮೇಲಿನ ಸಣ್ಣ ಬಾಗು ಬಂದಿಲ್ಲ ನಿಜ. ಆದರೂ ಸಂಖ್ಯೆಗಳಿಂದ ಕನ್ನಡದ ಅಕ್ಷರ ಎದ್ದು ಬಂದದ್ದು ನೋಡಿ ನಮ್ಮ ಗುಂಪೆಲ್ಲ ಕುರ್ಚಿ ಎಳೆದುಕೊಂಡು ಹತ್ತಿರ ಬಂತು. ಒತ್ತಕ್ಷರ ಬೇಕಾದರೆ ಕೆಳಗಿನ ಮನೆಯನ್ನೂ ಬಳಸಬೇಕು. ಒಂದಕ್ಷರಕ್ಕೆ ಒಂದೇ ಮನೆ ಅನ್ನುವ ಲೆಕ್ಕ ನಮ್ಮ ಲಿಪಿಗೆ ಯಾಕೆ ಸಾಲುವುದಿಲ್ಲ ಅನ್ನುವುದು ಇಲ್ಲಿ ಕಣ್ಣಿಗೇ ಕಾಣುತ್ತದೆ.

ಜೇಬಿಗೆ ಭಾರ ಬೇಡ ಅನ್ನುವವರಿಗೆ ರಾಸ್ಪ್‌ಬೆರಿ ಪೈ ಪಿಕೋ ಇದೆ. 2021ರಲ್ಲಿ 4 ಡಾಲರಿಗೆ ಬಂದ ಬೋರ್ಡ್. ಅದರ ಮೇಲೆ ಪಿಕೋಮೈಟ್ ಎಂಬ ಬೇಸಿಕ್ ಪ್ರೋಗ್ರಾಂ ಹಾಕಿ, ಕೆಲವು ರೆಸಿಸ್ಟರ್ ಜೊತೆ ಮಾನಿಟರ್ ಜೋಡಿಸುವ ಹಳೇ ಬಗೆಯ ವಿಜಿಎ ಸಾಕೆಟ್ ಬೆಸುಗೆ ಹಾಕಿದರೆ ಬೇಸಿಕ್ ಕಂಪ್ಯೂಟರ್ ಸಿದ್ಧ. ಪೈ 400 ಕೀಬೋರ್ಡಿನೊಳಗೇ ಕಂಪ್ಯೂಟರ್ ಇರುವ ಒಳ್ಳೇ ಯಂತ್ರ. ಆದರೆ ಒಳಗಿರುವುದು ಲಿನಕ್ಸ್. ಆಕಾರ ಮಾತ್ರ ಹಳೇದು, ಹಾಗಾಗಿ ಈ ಹೋಲಿಕೆಯಿಂದ ಹೊರಗಿಟ್ಟೆ.

ಬೆಂಗಳೂರಿನಲ್ಲಿ ಕೂತು ತರಿಸುವವರಿಗೆ ಎರಡು ಮಾತು. ಪಿಕೋ ಬಿಟ್ಟರೆ ಮಿಕ್ಕವನ್ನು ಹೊರದೇಶದಿಂದ ತರಿಸಬೇಕಾಗುತ್ತದೆ. ಬೋರ್ಡಿನ ಬೆಲೆ ಮೇಲೆ ಸಾಗಣೆ, ಕಸ್ಟಮ್ಸ್ ಸುಂಕ ಎರಡನ್ನೂ ಮೊದಲೇ ಲೆಕ್ಕ ಹಾಕಿ. ಇನ್ನೊಂದು ಕೀಬೋರ್ಡ್ ವಿಷಯ. ನನ್ನ ಅಗಾನ್ ಲೈಟ್ 2 (ಅಗಾನ್ ಲೈಟ್‌ನದೇ ಮುಂದಿನ ರೂಪ) ಬಂದ ದಿನ ಮನೆಯಲ್ಲಿದ್ದ ಯುಎಸ್‌ಬಿ ಕೀಬೋರ್ಡ್ ಸಿಕ್ಕಿಸಿದೆ. ಏನೂ ಆಗಲಿಲ್ಲ. ಬೋರ್ಡೇ ಕೆಟ್ಟಿದೆ ಅಂತ ಎರಡು ದಿನ ಒದ್ದಾಡಿದೆ. ಸಾಕೆಟ್ ಯುಎಸ್‌ಬಿ ಆಕಾರದ್ದಾದರೂ ಆ ಬೋರ್ಡಿಗೆ ಬರುವುದು ಹಳೇ ಕೀಬೋರ್ಡುಗಳ ಪಿಎಸ್/2 ಮಾತು. ಎರಡೂ ಮಾತು ಬಲ್ಲ ಕೀಬೋರ್ಡ್ ಬೇಕು. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಬೋರ್ಡನ್ನೇ ಹೊತ್ತುಕೊಂಡು ಹೋದೆ. ಅಂಗಡಿಯವರು ಹಳೇ ಕೀಬೋರ್ಡುಗಳನ್ನು ಒಂದೊಂದಾಗಿ ಸಿಕ್ಕಿಸಿ ನೋಡಿದರು. ನಾಲ್ಕನೆಯದು ಅಕ್ಷರ ಮೂಡಿಸಿತು. ವಿಜಿಎ ಮಾನಿಟರ್ ಕೂಡ ಸೆಕೆಂಡ್ ಹ್ಯಾಂಡ್ ಆಗಿ ಅಲ್ಲೇ ಸಿಕ್ಕಿತು. ಅಗಾನ್‌ಗೆ ವಿಜಿಎ ಬೇಕೇ ಬೇಕು, ಅದರಲ್ಲಿ ಎಚ್‌ಡಿಎಂಐ ಇಲ್ಲ.

ನನ್ನ ಸಲಹೆ: ಒಂದು ತಿಂಗಳು ಎಮ್ಯುಲೇಟರ್‌ನಲ್ಲಿ ಎಕ್ಸ್16, ಅಗಾನ್ ಎರಡನ್ನೂ ಓಡಿಸಿ. ಅಗಾನ್‌ಗೂ ಉಚಿತ ಎಮ್ಯುಲೇಟರ್ ಇದೆ. ಕೈಗೆ ಯಂತ್ರ ಬೇಕೇ ಬೇಕು ಅನಿಸಿದಾಗ ಅಗಾನ್ ತಗೊಳ್ಳಿ. ಚಿಪ್ ಮಟ್ಟದ ಹುಚ್ಚು ಹಿಡಿದರೆ ಆಮೇಲೆ ಎಕ್ಸ್16.

ಮುಂದಿನ ಭಾನುವಾರಕ್ಕೆ ಕೆಲಸ. ಚೌಕಳಿ ಹಾಳೆ ತಗೊಂಡು 'ಕ' ಅಕ್ಷರಕ್ಕೆ ಎಂಟು ಸಂಖ್ಯೆ ಬರೆದುಕೊಂಡು ಬನ್ನಿ. ತಲೆಕಟ್ಟಿಗೆ ಒಂದು ಸಾಲು ಕೊಡಬೇಕೋ ಎರಡೋ ಅಂತ ನಾವೂ ಇನ್ನೂ ವಾದ ಮಾಡುತ್ತಿದ್ದೇವೆ.