ಒಂದು ಕಷ್ಟದ ಆರ್ಡರನ್ನು ಕೈಯಲ್ಲಿಟ್ಟುಕೊಂಡು ಹೋಗಿ

ಬೆಂಗಳೂರಿನ ಸಿದ್ಧ ಉಡುಪು ಕಂಪನಿಯೊಂದರ ಸಭಾಕೊಠಡಿ. ಆನ್‌ಲೈನ್ ಅಂಗಡಿ ನಡೆಸುವ ಸಾಫ್ಟ್‌ವೇರ್, ಅಂದರೆ ಇ-ಕಾಮರ್ಸ್ ಪ್ಲಾಟ್‌ಫಾರ್ಮ್, ಆಯ್ಕೆಗಾಗಿ ಮೂರನೆಯ ದಿನದ ಡೆಮೊ ನಡೆಯುತ್ತಿತ್ತು. ಪರದೆಯ ಮೇಲೆ ಚೆಂದದ ಅಂಗಡಿ, ಸರಾಗವಾಗಿ ತುಂಬುವ ಕಾರ್ಟ್, ಬಣ್ಣಬಣ್ಣದ ವರದಿಗಳು. ಎರಡು ದಿನ ಮಾತನಾಡದೆ ಕುಳಿತಿದ್ದ ಲೆಕ್ಕಪತ್ರ ವಿಭಾಗದ ಮುಖ್ಯಸ್ಥೆ ಡೈರಿಯೊಳಗಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. “ಈ ಒಂದು ಆರ್ಡರ್ ಹಾಕಿ ತೋರಿಸಿ, ಸಾಕು” ಎಂದರು.

ಹಾಳೆಯಲ್ಲಿದ್ದದ್ದು ಇಷ್ಟು. ಹೈದರಾಬಾದಿನ ಗ್ರಾಹಕರೊಬ್ಬರು 3,200 ರೂಪಾಯಿ ಬೆಲೆಯ ಮೂರು ಕುರ್ತಾ ಕೊಳ್ಳುತ್ತಾರೆ. ಮೂರು ಕೊಂಡರೆ ಶೇ 20 ರಿಯಾಯಿತಿ. ಒಟ್ಟು 9,600ರ ಬದಲು 7,680 ರೂಪಾಯಿ. ಅದರಲ್ಲಿ 1,000 ರೂಪಾಯಿ ಗಿಫ್ಟ್ ಕಾರ್ಡ್‌ನಿಂದ, ಉಳಿದದ್ದು ಯುಪಿಐ ಮೂಲಕ. ಎರಡು ಕುರ್ತಾ ಬೆಂಗಳೂರಿನ ಗೋದಾಮಿನಿಂದ ಹೊರಡುತ್ತವೆ, ಒಂದು ಹೈದರಾಬಾದಿನ ಅಂಗಡಿಯಿಂದಲೇ ಹೋಗುತ್ತದೆ. ವಾರದ ನಂತರ ಗ್ರಾಹಕರು ಬೆಂಗಳೂರಿನಿಂದ ಬಂದ ಒಂದು ಕುರ್ತಾವನ್ನು ಹೈದರಾಬಾದಿನ ಅಂಗಡಿಗೆ ತಂದು ಹಿಂದಿರುಗಿಸುತ್ತಾರೆ. ಈಗ ಎಷ್ಟು ಹಣ ವಾಪಸು? ಯಾವ ಖಾತೆಗೆ? ಯಾವ ರಾಜ್ಯದ ಬಿಲ್‌ಗೆ ಕ್ರೆಡಿಟ್ ನೋಟ್ (ಕೊಟ್ಟ ಬಿಲ್‌ನ ಮೊತ್ತ ಇಳಿಸುವ ಪತ್ರ)?

ಆ ದಿನದ ಡೆಮೊ ಅಲ್ಲಿಗೇ ನಿಂತಿತು. ಡೆಮೊ ತೋರಿಸುತ್ತಿದ್ದ ತಂಡದವರು ಪ್ರಾಮಾಣಿಕರು. ಎರಡು ವಾರ ಸಮಯ ಕೇಳಿದರು. ಹದಿನಾಲ್ಕು ವರ್ಷಗಳಿಂದ ದೊಡ್ಡ ಅಂಗಡಿಗಳಿಗೆ ಇಂಥ ವ್ಯವಸ್ಥೆಗಳನ್ನು ಕಟ್ಟಿಕೊಡುತ್ತಿರುವ ನಾನು, ಪ್ಲಾಟ್‌ಫಾರ್ಮ್‌ಗಳನ್ನು ಹೋಲಿಸುವುದಕ್ಕೆ ಆ ಹಾಳೆಗಿಂತ ಒಳ್ಳೆಯ ಸಾಧನವನ್ನು ಇದುವರೆಗೆ ಕಂಡಿಲ್ಲ. ಇನ್ನೂರು ಸಾಲುಗಳ ಎಕ್ಸೆಲ್ ಪಟ್ಟಿ ಮಾಡಿ ಪ್ರತಿಯೊಂದರ ಮುಂದೆ ಹೌದು, ಇಲ್ಲ ಎಂದು ಬರೆಸಿಕೊಳ್ಳುವ ಪದ್ಧತಿ ನಮ್ಮಲ್ಲಿದೆ. ಆ ಪಟ್ಟಿಯಲ್ಲಿ ಎಲ್ಲರೂ ತೊಂಬತ್ತಕ್ಕಿಂತ ಹೆಚ್ಚು ಅಂಕ ಪಡೆಯುತ್ತಾರೆ. ವ್ಯತ್ಯಾಸ ಕಾಣಿಸುವುದು ಸರಕು ವಾಪಸು ಬಂದಾಗ.

ತೆರಿಗೆಯನ್ನೇ ನೋಡಿ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಶೇ 5 ಜಿಎಸ್‌ಟಿ, ಅದಕ್ಕಿಂತ ಹೆಚ್ಚಿನದಕ್ಕೆ ಶೇ 18. ಈ ಮಿತಿ ಅನ್ವಯವಾಗುವುದು ರಿಯಾಯಿತಿ ಕಳೆದ ಮೇಲಿನ, ತೆರಿಗೆ ಸೇರದ ಮೌಲ್ಯಕ್ಕೆ. ತೆರಿಗೆಯೂ ಸೇರಿ 3,200ಕ್ಕೆ ಮಾರಿದರೆ ಮೂಲ ಮೌಲ್ಯ 2,711.86, ತೆರಿಗೆ 488.14. ಅದೇ ಕುರ್ತಾ ರಿಯಾಯಿತಿಯಲ್ಲಿ 2,560ಕ್ಕೆ ಇಳಿದರೆ ದರವೇ ಬದಲಾಗಿ ಶೇ 5ಕ್ಕೆ ಬರುತ್ತದೆ: ಮೂಲ ಮೌಲ್ಯ 2,438.10, ತೆರಿಗೆ 121.90. ತೆರಿಗೆ ದರವೆಂದರೆ ಸರಕಿಗೆ ಒಮ್ಮೆ ಅಂಟಿಸಿದ ಚೀಟಿ ಎಂದು ನಂಬುವ ವ್ಯವಸ್ಥೆ 2,560ರಲ್ಲೂ ಶೇ 18 ಲೆಕ್ಕ ಹಾಕಿ 390.51 ರೂಪಾಯಿ ತೆರಿಗೆ ತೋರಿಸುತ್ತದೆ. ಒಂದು ಕುರ್ತಾಕ್ಕೆ 268 ರೂಪಾಯಿ 61 ಪೈಸೆ ವ್ಯತ್ಯಾಸ. ಹಬ್ಬದ ಒಂದು ವಾರದಲ್ಲಿ ಇಪ್ಪತ್ತು ಸಾವಿರ ಕುರ್ತಾ ಮಾರುವವರಿಗೆ ಇದು ಐವತ್ಮೂರು ಲಕ್ಷ ದಾಟುವ ಪ್ರಶ್ನೆ.

ವಾಪಸಾತಿ ಇನ್ನೂ ಕಠಿಣ. ಒಂದು ಕುರ್ತಾ ಹಿಂದೆ ಬಂದ ಮೇಲೆ ಉಳಿದ ಎರಡಕ್ಕೆ ರಿಯಾಯಿತಿ ಸಲ್ಲುತ್ತದೆಯೇ? ಸಲ್ಲುತ್ತದೆ ಎಂದರೆ ಗ್ರಾಹಕರಿಗೆ 2,560 ವಾಪಸು. ಸಲ್ಲುವುದಿಲ್ಲ ಎಂದರೆ ಎರಡಕ್ಕೆ ಪೂರ್ಣ ಬೆಲೆ 6,400 ಹಿಡಿದುಕೊಂಡು 1,280 ಮಾತ್ರ ವಾಪಸು. ಆಗ ಉಳಿದ ಎರಡರ ತೆರಿಗೆ ದರ ಮತ್ತೆ ಶೇ 18ಕ್ಕೆ ಏರುತ್ತದೆ, ಕೊಟ್ಟ ಬಿಲ್ ತಿದ್ದಬೇಕಾಗುತ್ತದೆ. ಬೆಂಗಳೂರಿನಿಂದ ರಾಜ್ಯ ದಾಟಿ ಹೋದ ಎರಡಕ್ಕೆ ಐಜಿಎಸ್‌ಟಿ, ರಾಜ್ಯದೊಳಗೇ ಮಾರಿದ ಹೈದರಾಬಾದಿನದಕ್ಕೆ ಕೇಂದ್ರದ ಸಿಜಿಎಸ್‌ಟಿ ಮತ್ತು ರಾಜ್ಯದ ಎಸ್‌ಜಿಎಸ್‌ಟಿ. ಬಟ್ಟೆ ತೆಲಂಗಾಣದ ಅಂಗಡಿಯಲ್ಲಿದೆ, ಕ್ರೆಡಿಟ್ ನೋಟ್ ಕರ್ನಾಟಕದ ನೋಂದಣಿಯಿಂದ ಹೊರಡಬೇಕು. ಇದರಲ್ಲಿ ಯಾವುದೂ ಅಪರೂಪದ ಪ್ರಸಂಗವಲ್ಲ. ನಮ್ಮ ದೇಶದಲ್ಲಿ ಎರಡು ರಾಜ್ಯಗಳಲ್ಲಿ ಅಂಗಡಿ ಇರುವ ಯಾರಿಗಾದರೂ ಇದು ದಿನನಿತ್ಯದ ಕೆಲಸ.

ಈ ಹಾಳೆಯನ್ನು ಹಿಡಿದು ಪ್ರಮುಖ ಪ್ಲಾಟ್‌ಫಾರ್ಮ್‌ಗಳ ಬಳಿ ಹೋದರೆ ಏನಾಗುತ್ತದೆ?

ಶಾಪಿಫೈ 2006ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಶುರುವಾದದ್ದು. ದೊಡ್ಡ ಉದ್ಯಮಗಳಿಗಾಗಿ ಶಾಪಿಫೈ ಪ್ಲಸ್ ಬಂದದ್ದು 2014ರಲ್ಲಿ. ಸರ್ವರ್ ನಿಮ್ಮ ತಲೆನೋವಲ್ಲ, ಭದ್ರತೆಯ ತೇಪೆ ಹಾಕುವುದು ನಿಮ್ಮ ಕೆಲಸವಲ್ಲ, ತಿಂಗಳುಗಳಲ್ಲಿ ಅಂಗಡಿ ತೆರೆಯಬಹುದು. ಆದರೆ ಒಳಗಿನ ಗೋಡೆಗಳನ್ನು ಕೆಡವಲು ಬಿಡುವುದಿಲ್ಲ. ಹಣ ಪಾವತಿಯ ಪುಟಗಳನ್ನು ಬೇಕಾದಂತೆ ಬರೆದುಕೊಳ್ಳುವ ಹಳೆಯ ದಾರಿಯನ್ನು 2024ರ ಆಗಸ್ಟ್‌ನಲ್ಲಿ ಮುಚ್ಚಿ, ಅವರು ಗೊತ್ತುಪಡಿಸಿದ ಕಿಂಡಿಗಳಲ್ಲಿ ಮಾತ್ರ ನಮ್ಮ ತರ್ಕ ಸೇರಿಸಲು ಅವಕಾಶ ಕೊಟ್ಟರು. ಬಹಳ ಜನ ಇದನ್ನು ದೋಷವೆನ್ನುತ್ತಾರೆ. ನಾನು ಹಾಗೆನ್ನುವುದಿಲ್ಲ. ಪಾವತಿ ಪುಟವನ್ನು ಕೈಯಾರೆ ತಿದ್ದಿ ಕೆಡಿಸಿಕೊಂಡ ಅಂಗಡಿಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಭಾರತದಲ್ಲಿ ಅವರ ಸ್ವಂತ ಪಾವತಿ ಸೇವೆ ಇಲ್ಲ, ಇಲ್ಲಿನ ಪೇಮೆಂಟ್ ಗೇಟ್‌ವೇ ಹಿಡಿಯಬೇಕು. ಅದಕ್ಕೆ ಅವರ ಕಡೆಯಿಂದಲೂ ಒಂದು ಶುಲ್ಕ ಸೇರುತ್ತದೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಬಜೆಟ್‌ಗಳೇ ಹೆಚ್ಚು.

ಅಡೋಬಿ ಕಾಮರ್ಸ್ ಇದಕ್ಕೆ ತದ್ವಿರುದ್ಧ. 2008ರಲ್ಲಿ ಮಜೆಂಟೊ ಹೆಸರಿನಲ್ಲಿ ಬಂದು, ಇಬೇ ಕೈ ದಾಟಿ, 2018ರಲ್ಲಿ 168 ಕೋಟಿ ಡಾಲರ್‌ಗೆ ಅಡೋಬಿಯ ಪಾಲಾಯಿತು. ಮೂಲ ಕೋಡ್ ನಿಮ್ಮ ಕೈಯಲ್ಲಿರುತ್ತದೆ. ಮೇಲಿನ ಹಾಳೆಯಲ್ಲಿನ ತೆರಿಗೆ ಲೆಕ್ಕವನ್ನು ಒಳಗೇ ಬರೆಯಬಹುದು, ನಾವೇ ಬರೆದಿದ್ದೇವೆ. ಆದರೆ ಬರೆದದ್ದೆಲ್ಲ ನಿಮ್ಮ ಹೆಗಲ ಮೇಲೆಯೇ ಉಳಿಯುತ್ತದೆ. ಮಜೆಂಟೊ 2 ಬಂದದ್ದು 2015ರಲ್ಲಿ. ಮೊದಲನೆಯದಕ್ಕೆ ಬೆಂಬಲ ನಿಂತದ್ದು 2020ರ ಜೂನ್ 30ಕ್ಕೆ. ಎರಡರ ರಚನೆ ಎಷ್ಟು ಬೇರೆ ಎಂದರೆ, ಹಳೆಯದರ ಮೇಲೆ ಕಟ್ಟಿದ್ದನ್ನೆಲ್ಲ ಮತ್ತೆ ಮೊದಲಿನಿಂದ ಬರೆಯಬೇಕಾಯಿತು. 2024ರ ಜೂನ್‌ನಲ್ಲಿ ಕಾಸ್ಮಿಕ್‌ಸ್ಟಿಂಗ್ ಎಂಬ ಗಂಭೀರ ಭದ್ರತಾ ಲೋಪ ಹೊರಬಿದ್ದಾಗ ತೇಪೆ ಹಾಕಲು ತಡಮಾಡಿದ ಸಾವಿರಾರು ಅಂಗಡಿಗಳು ದಾಳಿಗೆ ಒಳಗಾದವು. ಕಾಯಂ ಆಗಿ ಐದಾರು ಪಳಗಿದ ಎಂಜಿನಿಯರ್‌ಗಳನ್ನು ಇಟ್ಟುಕೊಳ್ಳಲಾಗದ ಕಂಪನಿಗೆ ನಾನು ಇದನ್ನು ಸೂಚಿಸುವುದಿಲ್ಲ, ಎಷ್ಟೇ ಇಷ್ಟವಿದ್ದರೂ.

ಎಸ್‌ಎಪಿ ಕಾಮರ್ಸ್ ಕ್ಲೌಡ್ ಎಂಬುದು ಸ್ವಿಟ್ಜರ್‌ಲೆಂಡಿನಲ್ಲಿ 1997ರಲ್ಲಿ ಹುಟ್ಟಿದ ಹೈಬ್ರಿಸ್. 2013ರಲ್ಲಿ ಜರ್ಮನಿಯ ಸಾಫ್ಟ್‌ವೇರ್ ಕಂಪನಿ ಎಸ್‌ಎಪಿ ಅದನ್ನು ಕೊಂಡಿತು. ಜಾವಾ ಮೇಲೆ ನಿಂತಿದೆ, ಭಾರವಾಗಿದೆ, ಕಲಿಯಲು ದಿನ ಹಿಡಿಯುತ್ತದೆ. ಡೀಲರ್‌ಗೆ ಒಂದು ಬೆಲೆ, ಸಗಟು ವ್ಯಾಪಾರಿಗೆ ಇನ್ನೊಂದು, ಸಾಲದ ಮಿತಿ ಮತ್ತೊಂದು ಎನ್ನುವ ಪಂಪ್, ಬೇರಿಂಗ್, ಬಿಡಿಭಾಗದ ಕಂಪನಿಗಳಿಗೆ ಇದು ಹೇಳಿ ಮಾಡಿಸಿದಂತಿದೆ. ನೇರ ಗ್ರಾಹಕರಿಗೆ ಕುರ್ತಾ ಮಾರುವವರಿಗೆ ಇಷ್ಟು ಭಾರ ಬೇಕಿಲ್ಲ. ಐಬಿಎಂ ಕಟ್ಟಿದ ವೆಬ್‌ಸ್ಫಿಯರ್ ಕಾಮರ್ಸ್ ಕೂಡ ಇದೇ ಬಗೆಯದು; 2019ರಲ್ಲಿ ನಮ್ಮ ಎಚ್‌ಸಿಎಲ್ ಕೈಗೆ ಬಂದಿದೆ.

ಸೇಲ್ಸ್‌ಫೋರ್ಸ್ 2016ರಲ್ಲಿ 280 ಕೋಟಿ ಡಾಲರ್ ಕೊಟ್ಟು ಡಿಮ್ಯಾಂಡ್‌ವೇರ್ ಅನ್ನು ಕೊಂಡು ತನ್ನ ಕಾಮರ್ಸ್ ಕ್ಲೌಡ್ ಮಾಡಿಕೊಂಡಿತು. ಇಲ್ಲಿ ಮುಖ್ಯವಾಗಿ ನೋಡಬೇಕಾದದ್ದು ದರ. ಲೈಸೆನ್ಸ್ ಮೊತ್ತವು ಮಾರಾಟದ ಶೇಕಡಾವಾರು ಲೆಕ್ಕದಲ್ಲಿ ನಿಗದಿಯಾಗುತ್ತದೆ. ಬೇರೆಯವರೂ ಈಗೀಗ ವಹಿವಾಟಿನ ಗಾತ್ರ ನೋಡಿಯೇ ದರ ಕಟ್ಟುತ್ತಾರೆ. ಆಗ ಒಪ್ಪಂದದಲ್ಲಿ “ಮಾರಾಟ” ಎಂದರೆ ಏನು ಎಂಬ ಒಂದು ವಾಕ್ಯ ಕೋಟಿಗಳನ್ನು ಆಚೀಚೆ ಮಾಡುತ್ತದೆ. ಕ್ಯಾಶ್ ಆನ್ ಡೆಲಿವರಿ ಇರುವ ದೇಶ ನಮ್ಮದು. ಬಾಗಿಲ ತನಕ ಹೋಗಿ ಬೇಡವೆಂದು ಹಿಂದೆ ಬರುವ ಪೆಟ್ಟಿಗೆಗಳು ಇಲ್ಲಿ ರಾಶಿ ರಾಶಿ. ವರ್ಷಕ್ಕೆ 200 ಕೋಟಿ ಆರ್ಡರ್ ಬಂದು ಐದನೆಯ ಒಂದು ಭಾಗ ರದ್ದಾಗುತ್ತದೆ, ಶುಲ್ಕ ಶೇ 1 ಎಂದಿಟ್ಟುಕೊಳ್ಳಿ. ಆರ್ಡರ್ ಬಂದ ಮೊತ್ತದ ಮೇಲೆ ಲೆಕ್ಕವಾದರೆ, ಒಂದು ರೂಪಾಯಿಯೂ ಬರದ ಆರ್ಡರ್‌ಗಳಿಗಾಗಿ ನೀವು 40 ಲಕ್ಷ ಕಟ್ಟುತ್ತೀರಿ. ಜಿಎಸ್‌ಟಿ ಸೇರಿದ ಮೊತ್ತವೇ, ಸೇರದ್ದೇ ಎಂಬುದನ್ನೂ ಬರೆಸಿಕೊಳ್ಳಬೇಕು. ಈ ವಾಕ್ಯವನ್ನು ವಕೀಲರ ಜತೆ ಲೆಕ್ಕಪತ್ರದವರೂ ಕೂತು ಓದಬೇಕು ಎಂದು ನಾನು ಪ್ರತಿ ಸಲ ಹಟ ಹಿಡಿಯುತ್ತೇನೆ.

ಇನ್ನು ಕಾಮರ್ಸ್‌ಟೂಲ್ಸ್‌ನಂಥವು. ಜರ್ಮನಿಯ ಮ್ಯೂನಿಕ್‌ನಲ್ಲಿ ಬೆಳೆದ ಈ ಪ್ಲಾಟ್‌ಫಾರ್ಮ್ ಅಂಗಡಿಯ ಮುಖವನ್ನು, ಅಂದರೆ ಗ್ರಾಹಕರು ನೋಡುವ ಪುಟಗಳನ್ನು, ಸಿದ್ಧಮಾಡಿ ಕೊಡುವುದಿಲ್ಲ. ಬೆಲೆ, ಕಾರ್ಟ್, ಆರ್ಡರ್ ಎಲ್ಲವನ್ನೂ ಬಿಡಿ ಎಪಿಐಗಳಾಗಿ (ಬೇರೆ ಸಾಫ್ಟ್‌ವೇರ್ ಜೋಡಿಸಿಕೊಳ್ಳುವ ಕೊಂಡಿಗಳಾಗಿ) ಕೈಗಿಡುತ್ತದೆ. ಕಟ್ಟುವ ತಂಡ ಗಟ್ಟಿಯಾಗಿದ್ದರೆ ಅದ್ಭುತ. ಆದರೆ ಹುಡುಕಾಟ ಒಬ್ಬರದು, ಪುಟ ವಿನ್ಯಾಸ ಇನ್ನೊಬ್ಬರದು, ರಿಯಾಯಿತಿ ಮತ್ತೊಬ್ಬರದು ಎಂದಾದಾಗ ರಾತ್ರಿ ಎರಡು ಗಂಟೆಗೆ ಅಂಗಡಿ ನಿಂತರೆ ಯಾರಿಗೆ ಫೋನ್ ಮಾಡಬೇಕು ಎಂಬುದಕ್ಕೆ ಮೊದಲೇ ಉತ್ತರ ಬೇಕು.

ನಿಲ್ಲುವ ಮಾತು ಬಂತು. 2014ರ ಅಕ್ಟೋಬರ್ 6ರಂದು ಬೆಂಗಳೂರಿನ ಫ್ಲಿಪ್‌ಕಾರ್ಟ್‌ನ ಮೊದಲ ಬಿಗ್ ಬಿಲಿಯನ್ ಡೇ ದಿನ ಸೈಟ್ ತತ್ತರಿಸಿದ್ದು, ಸಂಸ್ಥಾಪಕರು ಗ್ರಾಹಕರ ಕ್ಷಮೆ ಕೇಳಿದ್ದು ಈ ವೃತ್ತಿಯ ನಮಗೆಲ್ಲ ನೆನಪಿದೆ. ಅಂದಿನಿಂದ ಎಲ್ಲರೂ ಮೊದಲು ಕೇಳುವ ಪ್ರಶ್ನೆ, ಹಬ್ಬದ ದಟ್ಟಣೆಯನ್ನು ಪ್ಲಾಟ್‌ಫಾರ್ಮ್ ತಾಳುತ್ತದೆಯೇ ಎಂಬುದು. ಕ್ಲೌಡ್ ಪ್ಲಾಟ್‌ಫಾರ್ಮ್‌ಗಳು ಈಗ ತಾಳುತ್ತವೆ. ತಾಳದಿರುವುದು ಅದರ ಹಿಂದಿನ ವ್ಯವಸ್ಥೆಗಳು. ನಾನು ಕಂಡ ಒಂದು ದೀಪಾವಳಿ ಮಾರಾಟದಲ್ಲಿ ಅಂಗಡಿಯ ಮುಂಭಾಗ ಒಂದು ಕ್ಷಣವೂ ಅಲುಗಲಿಲ್ಲ. ಗೋದಾಮಿನಿಂದ ಹದಿನೈದು ನಿಮಿಷಕ್ಕೊಮ್ಮೆ ಬರಬೇಕಿದ್ದ ದಾಸ್ತಾನಿನ ಲೆಕ್ಕ ಎರಡು ಗಂಟೆ ಹಿಂದೆ ಬಿದ್ದಿತ್ತು. ಅರವತ್ತು ಇದ್ದ ಕಡೆ ನಾನೂರು ಆರ್ಡರ್ ತೆಗೆದುಕೊಂಡಿದ್ದೆವು. ಮರುದಿನ ಗ್ರಾಹಕ ಸೇವೆಯ ಹುಡುಗಿಯರು ಒಬ್ಬೊಬ್ಬರಿಗೇ ಫೋನ್ ಮಾಡಿ ಕ್ಷಮೆ ಕೇಳುವುದನ್ನು ನೋಡಿ ನನಗೆ ಬಹಳ ಸಂಕಟವಾಯಿತು. ತಪ್ಪು ಅವರದಲ್ಲ, ವಿನ್ಯಾಸ ಮಾಡಿದ ನಮ್ಮದು.

ಬದಲಾವಣೆಗೇ ಒಂದು ಬೆಲೆಯಿದೆ. ಬ್ರಿಟನ್ನಿನ ಮಾರ್ಕ್ಸ್ ಆ್ಯಂಡ್ ಸ್ಪೆನ್ಸರ್ 2014ರಲ್ಲಿ ಅಮೆಜಾನ್‌ನ ವ್ಯವಸ್ಥೆಯಿಂದ ಹೊರಬಂದು ಸುಮಾರು 15 ಕೋಟಿ ಪೌಂಡ್ ವೆಚ್ಚದಲ್ಲಿ ಸ್ವಂತ ಸೈಟ್ ತೆರೆಯಿತು. ಹಳೆಯ ಗ್ರಾಹಕರು ಮತ್ತೆ ನೋಂದಣಿ ಮಾಡಿಕೊಳ್ಳಬೇಕಾಯಿತು. ನಂತರದ ತ್ರೈಮಾಸಿಕದಲ್ಲಿ ಆನ್‌ಲೈನ್ ಮಾರಾಟ ಶೇ 8.1ರಷ್ಟು ಕುಸಿಯಿತು. ಪಾಸ್‌ವರ್ಡ್‌ಗಳನ್ನು ಹೊಸ ಮನೆಗೆ ಸಾಗಿಸುವುದು ಹೇಗೆ, ಗೂಗಲ್‌ನಲ್ಲಿ ನೆಲೆಯೂರಿದ ಹಳೆಯ ಕೊಂಡಿಗಳನ್ನು ಹೊಸ ಪುಟಕ್ಕೆ ತಿರುಗಿಸುವುದು ಹೇಗೆ ಎಂಬ ಪ್ರಶ್ನೆಗಳು ಡೆಮೊದಲ್ಲಿ ಬರುವುದೇ ಇಲ್ಲ.

ಕನ್ನಡದ ಓದುಗರಿಗಾಗಿ ಇನ್ನೊಂದು ಪರೀಕ್ಷೆ ಹೇಳುತ್ತೇನೆ. ವಿಳಾಸದ ಜಾಗದಲ್ಲಿ “ಕೃಷ್ಣಪ್ಪ, ದೊಡ್ಡಬಳ್ಳಾಪುರ” ಎಂದು ಕನ್ನಡದಲ್ಲೇ ಬರೆದು ಆರ್ಡರ್ ಹಾಕಿ. ಪರದೆಯ ಮೇಲೆ ಸರಿಯಾಗಿ ಕಾಣುತ್ತದೆ. ಆಮೇಲೆ ಪಿಡಿಎಫ್ ಬಿಲ್ ತೆಗೆದು ನೋಡಿ. ಒತ್ತಕ್ಷರಗಳು ಕಳಚಿಕೊಂಡು ಪಕ್ಕಕ್ಕೆ ಬಿದ್ದಿರುತ್ತವೆ, ಇಲ್ಲವೇ ಖಾಲಿ ಚೌಕಗಳು ಸಾಲಾಗಿ ನಿಂತಿರುತ್ತವೆ. ಪಿಡಿಎಫ್ ತಯಾರಿಸುವ ಎಷ್ಟೋ ಸಾಧನಗಳಿಗೆ ಭಾರತೀಯ ಲಿಪಿಗಳ ಅಕ್ಷರ ಜೋಡಿಸುವ ಶಕ್ತಿ ಇಲ್ಲದಿರುವುದೇ ಕಾರಣ. ಸರಿಪಡಿಸಬಹುದು, ಆದರೆ ಯಾರಾದರೂ ಕೇಳಿದರೆ ಮಾತ್ರ. ತಮ್ಮ ಹೆಸರನ್ನು ತಮ್ಮ ಲಿಪಿಯಲ್ಲಿ ಬರೆದವರಿಗೆ ಮುರಿದ ಅಕ್ಷರಗಳ ಬಿಲ್ ಕಳಿಸುವುದು ನನಗೆ ಅವಮಾನವೆನಿಸುತ್ತದೆ.

ಹಾಗಾದರೆ ಆ ಹಾಳೆಯ ಗತಿ? ಎರಡು ವಾರ ಕೂತು ನೋಡಿದಾಗ ಒಂದು ಸಂಗತಿ ಸ್ಪಷ್ಟವಾಯಿತು. ನಮ್ಮಲ್ಲಿ ಎಂಆರ್‌ಪಿ ಎಂದರೆ ಎಲ್ಲ ತೆರಿಗೆ ಸೇರಿದ ಬೆಲೆ. ಗ್ರಾಹಕರು ಕೊಡುವುದು 2,560. ಅದರೊಳಗೆ ತೆರಿಗೆ ಎಷ್ಟೆಂಬುದು ಬಿಲ್ ಹುಟ್ಟುವ ಹೊತ್ತಿಗೆ ಗೊತ್ತಾದರೆ ಸಾಕು. ಬಿಲ್ ಹುಟ್ಟುವುದು ಗೋದಾಮಿನಲ್ಲಿ, ಪೆಟ್ಟಿಗೆ ಕಟ್ಟುವಾಗ. ಆದ್ದರಿಂದ ಅಂಗಡಿಯ ಮುಂಭಾಗಕ್ಕೆ ಜಿಎಸ್‌ಟಿ ಹಂತಗಳನ್ನು ಕಲಿಸುವ ಹಟ ಬಿಟ್ಟು, ರಿಯಾಯಿತಿ ಹಂಚಿಕೆ, ತೆರಿಗೆ, ವಾಪಸಾತಿ ಮೂರನ್ನೂ ಪ್ರತ್ಯೇಕ ಆರ್ಡರ್ ನಿರ್ವಹಣಾ ವ್ಯವಸ್ಥೆಯಲ್ಲಿ ಇಟ್ಟೆವು. ಮುಂಭಾಗಕ್ಕೆ ಬಾಡಿಗೆಯ ಕ್ಲೌಡ್ ಪ್ಲಾಟ್‌ಫಾರ್ಮ್, ಹೆಚ್ಚೇನೂ ತಿದ್ದದೆ.

ವ್ಯಾಪಾರದ ವಿಶೇಷ ಎಲ್ಲಿದೆಯೋ ಅಲ್ಲಿ ಮಾತ್ರ ಸ್ವಂತ ಕೋಡ್ ಎಂಬ ಈ ನಿಲುವಿಗೆ ಬರಲು ನನಗೆ ವರ್ಷಗಳೇ ಹಿಡಿದವು. ಜರ್ಮನಿಯ ಲಿಡ್ಲ್ ಸೂಪರ್ ಮಾರ್ಕೆಟ್ ಸರಣಿ ಸುಮಾರು 50 ಕೋಟಿ ಯೂರೊ ಸುರಿದ ತನ್ನ ಎಸ್‌ಎಪಿ ಯೋಜನೆಯನ್ನು 2018ರಲ್ಲಿ ಕೈಬಿಟ್ಟಿತು. ದಾಸ್ತಾನನ್ನು ಕೊಂಡ ಬೆಲೆಯಲ್ಲಿ ಲೆಕ್ಕ ಇಡುವ ಅವರ ಪದ್ಧತಿಗೂ ಮಾರುವ ಬೆಲೆಯಲ್ಲಿ ಇಡುವ ಸಾಫ್ಟ್‌ವೇರಿನ ಪದ್ಧತಿಗೂ ಹೊಂದಿಕೆಯಾಗದೆ ತಿದ್ದುತ್ತಲೇ ಹೋದದ್ದು ಅದಕ್ಕೆ ಒಂದು ಮುಖ್ಯ ಕಾರಣವೆಂದು ವರದಿಯಾಗಿತ್ತು. ಯಾವ ಪದ್ಧತಿ ಬಿಡಬೇಕು, ಯಾವುದನ್ನು ಬಿಡಬಾರದು ಎಂಬುದನ್ನು ಸಾಫ್ಟ್‌ವೇರ್ ಕೊಳ್ಳುವ ಮೊದಲೇ ಮಾಲೀಕರು ಕೂತು ತೀರ್ಮಾನಿಸಬೇಕು. ನಮ್ಮ ಉಡುಪು ಕಂಪನಿ ಒಂದು ಪದ್ಧತಿ ಬಿಟ್ಟಿತು: ವಾಪಸಾತಿಯ ನಂತರ ಉಳಿದ ಬಟ್ಟೆಗಳ ರಿಯಾಯಿತಿ ಕಿತ್ತುಕೊಳ್ಳುವುದನ್ನು ನಿಲ್ಲಿಸಿತು. ಗ್ರಾಹಕರಿಗೆ ಪೂರ್ತಿ 2,560 ಹಿಂದಿರುಗುತ್ತದೆ, ಮೊದಲು ಗಿಫ್ಟ್ ಕಾರ್ಡ್‌ಗೆ 1,000, ಮಿಕ್ಕ 1,560 ಯುಪಿಐಗೆ.

ಆ ಹಾಳೆ ಈಗ ಅವರ ಪರೀಕ್ಷಾ ತಂಡದ ಗೋಡೆಯ ಮೇಲಿದೆ. ಪ್ರತಿ ಹೊಸ ಬದಲಾವಣೆಯ ಹಿಂದಿನ ರಾತ್ರಿ ಹೈದರಾಬಾದಿನ ಆ ಮೂರು ಕುರ್ತಾಗಳ ಆರ್ಡರ್ ಮತ್ತೆ ಹಾಕಿ, ಒಂದನ್ನು ಹಿಂದಿರುಗಿಸಿ, ಕ್ರೆಡಿಟ್ ನೋಟ್‌ನಲ್ಲಿ 121.90 ಬಂದಿದೆಯೇ ಎಂದು ನೋಡಿದ ಮೇಲೆಯೇ ಅವರು ಮನೆಗೆ ಹೋಗುತ್ತಾರೆ.