ಎಡಗೈಯಲ್ಲಿ ಎರಡೇ ಬೆರಳು ಕೆಲಸ ಮಾಡುತ್ತವೆ. ಬೈಕಿನ ಕ್ಲಚ್ ಬಲಗಡೆಗೆ ಹಾಕಿಸಬಹುದೇ?

ಪ್ರಶ್ನೆ: ಅಪಘಾತದ ನಂತರ ಎಡಗೈಯ ತೋರುಬೆರಳು, ನಡುಬೆರಳು ಮಾತ್ರ ಮಡಚಲು ಬರುತ್ತವೆ. ಹಿಡಿತದ ಬಲವೂ ಕಡಿಮೆ. ಮನೆಯಲ್ಲಿ 100 ಸಿಸಿ ಗೇರ್ ಬೈಕ್ ಇದೆ. ಕ್ಲಚ್ ಲಿವರನ್ನು ಬಲಗಡೆಗೆ ಹಾಕಿಸಿಕೊಂಡು ಓಡಿಸಬಹುದಾ?

ಉತ್ತರ: ಹಾಕಿಸಬಹುದು. ಆದರೆ ಎರಡು ಬೆರಳು ಉಳಿದಿರುವವರಿಗೆ ಅದು ಕೊನೆಯ ದಾರಿ. ಅದಕ್ಕಿಂತ ಮೊದಲು ಮಾಡಿ ನೋಡಬೇಕಾದ ಕೆಲಸಗಳಿವೆ, ಅವಕ್ಕೆ ಖರ್ಚೂ ಕಡಿಮೆ.

ಈಗ ನಿಮ್ಮ ತೋರುಬೆರಳು ಲಿವರಿನ ಬುಡದ ಹತ್ತಿರ, ಅಂದರೆ ಪಿವಟ್ ಬೋಲ್ಟಿನ ಪಕ್ಕದಲ್ಲಿ ಕೂರುತ್ತದೆ. ಅಲ್ಲಿಂದ ಎಳೆದರೆ ಯಾರಿಗಾದರೂ ಭಾರವೇ. ಲಿವರ್ ಹಿಡಿದಿರುವ ಕ್ಲ್ಯಾಂಪಿನ ಬೋಲ್ಟ್ ಸಡಿಲಿಸಿ, ಇಡೀ ಜೋಡಣೆಯನ್ನು ಹ್ಯಾಂಡಲಿನ ಮಧ್ಯದ ಕಡೆಗೆ 2–3 ಸೆಂ.ಮೀ. ಸರಿಸಿ. ಆಗ ಅದೇ ಎರಡು ಬೆರಳು ಲಿವರಿನ ತುದಿಗೆ ಬರುತ್ತವೆ, ಬಲ ಎಷ್ಟೋ ಕಡಿಮೆ ಸಾಕಾಗುತ್ತದೆ. ಹ್ಯಾಂಡಲ್ ಬಾಗಿರುವ ಜಾಗ ಬಂದರೆ ಕ್ಲ್ಯಾಂಪ್ ಮುಂದೆ ಹೋಗುವುದಿಲ್ಲ, ಬಲವಂತ ಬೇಡ. ಎಷ್ಟೋ ಬೈಕ್‌ಗಳಲ್ಲಿ ಕನ್ನಡಿಯೂ ಇದೇ ಕ್ಲ್ಯಾಂಪಿನಲ್ಲಿರುವುದರಿಂದ ಅದನ್ನೂ ಮತ್ತೆ ಹೊಂದಿಸಬೇಕು. ಲಿವರ್ ಪೂರ್ತಿ ಎಳೆದಾಗ ಮಡಚಲಾಗದ ಬೆರಳುಗಳು ಲಿವರಿಗೂ ಗ್ರಿಪ್ಪಿಗೂ ನಡುವೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ. ಸಿಕ್ಕಿಕೊಂಡರೆ ಕ್ಲಚ್ ಅರ್ಧಕ್ಕೇ ನಿಲ್ಲುತ್ತದೆ.

ಮುಂದಿನದು ಕೇಬಲ್. ಒಳಗೆ ತುಕ್ಕು ಹಿಡಿದ, ಎಳೆ ಬಿಚ್ಚಿದ ಕೇಬಲ್ ಇದ್ದರೆ ಬೇರೆ ಯಾವ ಮಾರ್ಪಾಡೂ ಪ್ರಯೋಜನಕ್ಕೆ ಬರುವುದಿಲ್ಲ. ಲಗೇಜ್ ತೂಗುವ ಕೊಕ್ಕೆ ತಕ್ಕಡಿಯನ್ನು ಲಿವರಿಗೆ, ಬೆರಳು ಕೂರುವ ಜಾಗದಲ್ಲೇ ಸಿಕ್ಕಿಸಿ ಎಳೆದು ಎಷ್ಟು ಕಿಲೋ ಬರುತ್ತದೆ ಬರೆದಿಟ್ಟುಕೊಳ್ಳಿ. ಹೊಸ ಕೇಬಲ್ ಹಾಕಿ ಮತ್ತೆ ಅಳೆಯಿರಿ. ಕೈಯಂದಾಜು ಇಲ್ಲಿ ನಂಬಿಕೆಗೆ ಯೋಗ್ಯವಲ್ಲ. ಜೋಡಿಸುವಾಗ ಲಿವರ್ ತುದಿಯಲ್ಲಿ ಸುಮಾರು 10–20 ಮಿ.ಮೀ. ಪ್ಲೇ, ಅಂದರೆ ಕೇಬಲ್ ಬಿಗಿಯಾಗುವ ಮೊದಲು ಲಿವರ್ ಸಡಿಲವಾಗಿ ಅಲ್ಲಾಡುವಷ್ಟು ಜಾಗ ಬಿಡಬೇಕು (ನಿಮ್ಮ ಬೈಕಿನ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ).

ಇಷ್ಟಾದರೂ ಭಾರ ಎನಿಸಿದರೆ, ಎಂಜಿನ್ ಕಡೆ ಕೇಬಲ್ ಸಿಕ್ಕಿಸುವ ಕ್ಲಚ್ ಆರ್ಮನ್ನು ಲೇತ್ ಅಂಗಡಿಯಲ್ಲಿ ಸ್ವಲ್ಪ ಉದ್ದ ಮಾಡಿಸಬಹುದು. ಲೆಕ್ಕ ಸುಲಭ: 30 ಮಿ.ಮೀ. ಇರುವ ಆರ್ಮನ್ನು 34 ಮಾಡಿದರೆ ಬೇಕಾಗುವ ಬಲ ಶೇ. 12ರಷ್ಟು ಇಳಿಯುತ್ತದೆ. ಆದರೆ ಲಿವರ್ ಅಷ್ಟೇ ದೂರ ಎಳೆದರೂ ಒಳಗೆ ಪ್ಲೇಟುಗಳು ಬಿಡಿಸಿಕೊಳ್ಳುವ ಅಂತರ ಕೂಡ ಅಷ್ಟೇ ಕಡಿಮೆಯಾಗುತ್ತದೆ. ಆಸೆಪಟ್ಟು 40 ಮಿ.ಮೀ. ಮಾಡಿಸಿದರೆ ಕ್ಲಚ್ ಪೂರ್ತಿ ಬಿಡುವುದೇ ಇಲ್ಲ. ಫಸ್ಟ್ ಗೇರ್ ಹಾಕಿದರೆ ಧಡ್ ಎಂದು ಬೈಕ್ ಮುಂದಕ್ಕೆ ಜಿಗಿಯುತ್ತದೆ, ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಸಿಗುವುದಿಲ್ಲ. ಶೇ. 15ಕ್ಕಿಂತ ಹೆಚ್ಚು ಉದ್ದ ಮಾಡಿಸಬೇಡಿ. ಆರ್ಮ್ ತಿರುಗಿದಾಗ ಸೈಲೆನ್ಸರ್ ಪೈಪಿಗೋ ಎಂಜಿನ್ ಕವರಿಗೋ ತಾಗುತ್ತದೆಯೇ ಎಂದೂ ನೋಡಿ.

ಒಂದು ಕೆಲಸವನ್ನು ಮಾತ್ರ ಯಾರು ಹೇಳಿದರೂ ಒಪ್ಪಬೇಡಿ: ಕ್ಲಚ್ಚಿನ ನಾಲ್ಕು ಸ್ಪ್ರಿಂಗ್‌ಗಳಲ್ಲಿ ಒಂದನ್ನು ತೆಗೆದುಬಿಡುವುದು. ಲಿವರ್ ಹಗುರವಾಗುವುದು ನಿಜ. ಆದರೆ ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್ ಒಂದು ಪಕ್ಕಕ್ಕೆ ವಾಲಿ ಏಳುತ್ತದೆ, ಹಿಂದೆ ಯಾರಾದರೂ ಕೂತು ಏರು ಹತ್ತಿಸಿದರೆ ಕ್ಲಚ್ ಸ್ಲಿಪ್ ಆಗಿ ಪ್ಲೇಟುಗಳು ಸುಡುತ್ತವೆ. ಹಗುರ ಕ್ಲಚ್ಚೇ ಬೇಕೆಂದರೆ ಅಸಿಸ್ಟ್ ಸ್ಲಿಪ್ಪರ್ ಕ್ಲಚ್ ಇರುವ ಬೈಕ್ ಕೊಳ್ಳುವುದು ವಾಸಿ. ಅದರಲ್ಲಿ ಎಂಜಿನ್ನಿನ ಎಳೆತವೇ ಪ್ಲೇಟುಗಳನ್ನು ಒತ್ತಿ ಹಿಡಿಯುವುದರಿಂದ ಮೃದುವಾದ ಸ್ಪ್ರಿಂಗ್ ಸಾಕು. ಹೋಂಡಾ ಹೈನೆಸ್ ಸಿಬಿ350, ಯಮಹಾ ಎಂಟಿ-15 ಇಂಥವು.

ಎಡಗೈ ಹ್ಯಾಂಡಲ್ ಹಿಡಿದುಕೊಳ್ಳುತ್ತದೆ, ಆದರೆ ಲಿವರ್ ಎಳೆಯಲು ಆಗುವುದೇ ಇಲ್ಲ ಎನ್ನುವವರಿಗೆ ಮಾತ್ರ ಬಲಗಡೆಯ ಕ್ಲಚ್. ಸ್ಟಂಟ್ ಬೈಕಿನವರು ಎಡಗಡೆ ಕ್ಲಚ್ ಲಿವರಿನ ಕೆಳಗೆ ಹಿಂದಿನ ಬ್ರೇಕಿಗೆಂದು ಇನ್ನೊಂದು ಲಿವರ್ ಹಾಕಿಸಿಕೊಳ್ಳುತ್ತಾರಲ್ಲ, ಅದೇ ಜೋಡಿ ಲಿವರಿನ ವ್ಯವಸ್ಥೆಯನ್ನು ಇಲ್ಲಿ ಬಲಗಡೆಗೆ ತರುವುದು. ಮುಂದಿನ ಬ್ರೇಕ್ ಲಿವರ್ ತೋರುಬೆರಳಿಗೆ ಸಿಗಬೇಕು, ಕ್ಲಚ್ ಉಳಿದ ಮೂರು ಬೆರಳಿಗೆ. ಜಾಗ ಸಾಲದೆಂದು ಮುಂದಿನ ಬ್ರೇಕ್ ಲಿವರನ್ನೇ ಕಿತ್ತುಹಾಕುವುದು ಸಲ್ಲದು. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಬೈಕ್‌ಗಳಿಗೆ ಕನಿಷ್ಠ ಸಿಬಿಎಸ್ (ಎರಡೂ ಚಕ್ರದ ಬ್ರೇಕನ್ನು ಜೋಡಿಸುವ ವ್ಯವಸ್ಥೆ) ಕಡ್ಡಾಯವಾಯಿತು. ಸಿಬಿಎಸ್ ಇರುವ ಕಮ್ಯೂಟರ್ ಬೈಕಿನಲ್ಲಿ ಕಾಲಿನ ಪೆಡಲ್ ಒತ್ತಿದರೆ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುತ್ತದೆ. ಈ ಮಾರ್ಪಾಡಿಗೆ ಅಂಥ ಬೈಕೇ ಅನುಕೂಲ.

ಹಳೆಯ ಕೇಬಲ್ ಈ ಹೊಸ ಜಾಗಕ್ಕೆ ಹೊಂದುವುದಿಲ್ಲ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಕೇಬಲ್ ಹೋಗುವ ದಾರಿಯಲ್ಲೇ ದಾರ ಎಳೆದು ಅಳತೆ ತೆಗೆದುಕೊಂಡು, ಕೇಬಲ್ ಮಾಡಿಕೊಡುವ ಅಂಗಡಿಯಲ್ಲಿ ಮಾಡಿಸಿ. ಗಿಡ್ಡವಾದರೆ ಹ್ಯಾಂಡಲ್ ಒಂದು ಕಡೆ ತಿರುಗಿಸಿದಾಗ ಕ್ಲಚ್ ತಾನಾಗಿ ಅರ್ಧ ಎಳೆದುಕೊಳ್ಳುತ್ತದೆ. ಎಡಗಡೆ ಕ್ಲಚ್ ಸ್ವಿಚ್ ಇದ್ದರೆ ಅದರ ಎರಡು ವೈರುಗಳನ್ನು ಉದ್ದ ಮಾಡಿ ಹೊಸ ಲಿವರಿಗೆ ತರಿಸಿ. ಸ್ವಿಚ್ ಬಿಟ್ಟು ಆ ಎರಡು ವೈರುಗಳನ್ನೇ ಒಂದಕ್ಕೊಂದು ಕೂಡಿಸಿ ಟೇಪು ಸುತ್ತಿಬಿಟ್ಟರೆ ಗೇರಿನಲ್ಲಿದ್ದಾಗ ಕ್ಲಚ್ ಹಿಡಿಯದೆಯೇ ಸೆಲ್ಫ್ ಹೊಡೆಯುತ್ತದೆ, ಬೈಕ್ ನುಗ್ಗುತ್ತದೆ. ಹಾರ್ನ್, ಇಂಡಿಕೇಟರಿಗೆ ಎಡ ಹೆಬ್ಬೆರಳು ಎಟುಕದಿದ್ದರೆ ಅವನ್ನೂ ಬಲಕ್ಕೆ ತರಬೇಕಾಗುತ್ತದೆ.

ಫಿಟ್ಟಿಂಗ್ ಒಂದು ದಿನದ ಕೆಲಸ. ನಿಜವಾದ ತೊಡಕು ಥ್ರಾಟಲ್. ಬಲಗೈಯ ಮೂರು ಬೆರಳಿನಿಂದ ಕ್ಲಚ್ ಎಳೆಯುವಾಗ ಮಣಿಕಟ್ಟು ತಾನಾಗಿ ಹಿಂದಕ್ಕೆ ಬಾಗಿ ಥ್ರಾಟಲ್ ತಿರುಗುತ್ತದೆ, ಎಂಜಿನ್ ಕಿರುಚುತ್ತದೆ. ಲಿವರನ್ನು ಸ್ವಲ್ಪ ಕೆಳಮುಖವಾಗಿಸಿ, ಮೊಣಕೈಯಿಂದ ಬೆರಳಿನವರೆಗೆ ಒಂದೇ ಗೆರೆ ಬರುವಂತೆ ಹೊಂದಿಸಿದರೆ ಇದು ಬಹಳ ಕಡಿಮೆಯಾಗುತ್ತದೆ. ಹೊರಡುವಾಗ ಥ್ರಾಟಲ್ ಮುಟ್ಟದೆ, ಐಡ್ಲಿಂಗ್‌ನಲ್ಲೇ ಕ್ಲಚ್ಚನ್ನು ನಿಧಾನವಾಗಿ ಬಿಟ್ಟು, ಬೈಕ್ ಉರುಳತೊಡಗಿದ ಮೇಲೆ ಆಕ್ಸಿಲರೇಟರ್ ಕೊಡುವುದನ್ನು ಖಾಲಿ ಮೈದಾನದಲ್ಲಿ ರೂಢಿಸಿಕೊಳ್ಳಬೇಕು. ಏರಿನಲ್ಲಿ ನಿಂತಾಗ ಬಲಗಾಲಿನ ಬ್ರೇಕೇ ಆಧಾರ, ಎಡಗಾಲು ನೆಲಕ್ಕೆ. ಎಡಗೈಯನ್ನು ಹ್ಯಾಂಡಲಿಗೆ ಕಟ್ಟಿಕೊಳ್ಳಬಾರದು. ಬಿದ್ದಾಗ ಕೈ ಬಿಡಿಸಿಕೊಳ್ಳಲೇಬೇಕು.

"ಇಷ್ಟೆಲ್ಲ ಯಾಕೆ, ಸ್ಕೂಟರ್ ತಗೊಳ್ಳಿ" ಎನ್ನುವವರು ಸಿಗುತ್ತಾರೆ. ಸಲಹೆ ಒಳ್ಳೆಯದೇ, ಆದರೆ ಅರ್ಧ ಮಾತ್ರ. ಗೇರ್‌ಲೆಸ್ ಸ್ಕೂಟರಿನ ಎಡ ಲಿವರ್ ಹಿಂದಿನ ಬ್ರೇಕು. ಎಡಗೈಗೆ ಬಲವಿಲ್ಲದವರು ಅದನ್ನೂ ಬಲಕ್ಕೆ ಅಥವಾ ಕಾಲಡಿಯ ಪೆಡಲಿಗೆ ಬದಲಿಸಲೇಬೇಕು. ಆದರೂ ಎಡಗೈ ಲಿವರನ್ನು ಎಳೆಯಲಾರದು ಎಂದಾದರೆ ಬಲಗಡೆಯ ಕ್ಲಚ್ಚಿಗಿಂತ ಪೆಡಲ್ ಬ್ರೇಕಿನ ಸ್ಕೂಟರಿನದೇ ಸುರಕ್ಷಿತ ದಾರಿ ಎಂಬುದು ನಮ್ಮ ಅಭಿಪ್ರಾಯ.

ಕಾಗದಪತ್ರದ ವಿಷಯ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಅಂಗವಿಕಲರಿಗೆಂದು ಮಾರ್ಪಡಿಸಿದ ವಾಹನಕ್ಕೆ ಜಾಗವಿದೆ, ಅದಕ್ಕೆ ಲೈಸೆನ್ಸೂ ಕೊಡುತ್ತಾರೆ. ಮಾರ್ಪಾಡಿನ ವಿಚಾರ ಇರುವುದು ಸೆಕ್ಷನ್ 52ರಲ್ಲಿ. ಹಾಗಾಗಿ ಲಿವರಿನ ಜಾಗವನ್ನೇ ಬದಲಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ ಒಪ್ಪಿಗೆ ಪಡೆಯಿರಿ, ಆರ್‌ಸಿಯಲ್ಲಿ ಬರೆಸಿಕೊಳ್ಳಿ, ಅದರ ನಕಲನ್ನು ಇನ್ಶೂರೆನ್ಸ್ ಕಂಪನಿಗೂ ಕಳಿಸಿ. ಕ್ಲ್ಯಾಂಪ್ ಸರಿಸುವುದಕ್ಕೆ, ಹೊಸ ಕೇಬಲ್ ಹಾಕುವುದಕ್ಕೆ ಇದ್ಯಾವುದೂ ಬೇಕಿಲ್ಲ.